ತಿಬುರ್ಸಿಯೊನ ಇಪ್ಪತ್ತು ನಿಮಿಷ

ತಿಬುರ್ಸಿಯೊ ಸತ್ತಾಗ ನಾನು ಅಳಲಿಲ್ಲ. ಸತ್ತವರನ್ನು ಬೈಯಬಾರದು ಎನ್ನುತ್ತಾರೆ. ಬದುಕಿದ್ದಾಗ ಮುಖಕ್ಕೆ ಹೊಡೆದ ಹಾಗೆ ಬೈದದ್ದನ್ನೇ ಈಗ ಇನ್ನೊಮ್ಮೆ ಹೇಳಿದರೆ ಪಾಪವೇನೂ ಬರಲಾರದು. ಅವನು ಮೊಂಡ, ಸಿಡುಕ, ಯಾರಿಗೂ ಬೇಡವಾದವನು. ಅವನು ಕಂಬಗಳ ಮೇಲೆ ಕಟ್ಟಿದ ನಮ್ಮ ಮನೆಯ ಏಣಿ ಹತ್ತಿದರೆ ಕಾಫಿ ಕೊಡಲೂ ನನಗೆ ಮನಸ್ಸು ಬರುತ್ತಿರಲಿಲ್ಲ. ಗಂಡನ ಸೋದರಮಾವ ಬೇರೆ, ಕೊಡದೆ ವಿಧಿಯಿರಲಿಲ್ಲ.

ವಯಸ್ಸಿದ್ದಾಗ ಮುತುಂ ಕೆರೆಯಲ್ಲಿ ಅವನಷ್ಟು ಪಿರರುಕು ಕೊಂದವರು ಇನ್ನೊಬ್ಬರಿಲ್ಲ. ಆಳಿಗಿಂತ ಉದ್ದ ಬೆಳೆಯುವ ಮೀನು ಅದು, ಆದರೂ ಉಸಿರಿಗಾಗಿ ನೀರಿನ ಮೇಲೆ ಬರಲೇಬೇಕು. ಬಂದ ಗಳಿಗೆಗೆ ತಿಬುರ್ಸಿಯೊನ ಈಟಿ ಕಾದಿರುತ್ತಿತ್ತು. ಬೆನ್ನು ಹಾಕಿ ಕೂತಿದ್ದರೂ ಗುಳುಕ್ ಎಂಬ ಸದ್ದು ಕೇಳಿಯೇ ಮೀನು ಎಷ್ಟು ಮೊಳ ಎಂದು ಹೇಳುತ್ತಿದ್ದ. ನಲವತ್ತಾರನೆಯ ವಯಸ್ಸಿನಲ್ಲಿ ಒಂದು ಬೇಸಗೆಯಿಡೀ ಕಾದರೂ ಅವನಿಗೆ ಸಿಕ್ಕಿದ್ದು ಒಂದೇ ಮೀನು. ಅದಕ್ಕೆ ಉಪ್ಪು ತಿಕ್ಕಿ ಒಣಹಾಕಿದವನೇ ಕೆರೆಯಲ್ಲಿ ಮೀನು ಹಿಡಿಯುವುದನ್ನೇ ನಿಲ್ಲಿಸಬೇಕು ಎಂದು ಕೂತ. ನೂರು ಇಲಿ ತಿಂದ ಬೆಕ್ಕು ಯಾತ್ರೆಗೆ ಹೊರಟಿತು ಎಂದು ಊರು ನಕ್ಕಿತು. ಅವನು ಕೆರೆಯ ಬಾಯಲ್ಲಿ ಕೋವಿ ಹಿಡಿದು ದೋಣಿಯಲ್ಲಿ ಮಲಗಲು ಶುರುಮಾಡಿದ ಮೇಲೆ ನಗು ನಿಂತಿತು. ನನ್ನ ಗಂಡ ಒರಿವಾಲ್ದೊನ ಹೊಸ ಬಲೆಯನ್ನು ಮೂರು ತುಂಡು ಮಾಡಿ ನಮ್ಮ ಏಣಿಗೇ ನೇತುಹಾಕಿ ಹೋದ. ಅದನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಆ ಸಮಯಕ್ಕೇ ಜುರೆಮಾ ನಮ್ಮೂರಿಗೆ ಬಂದಳು. ಚರ್ಚಿನವರು ಅಕ್ಷರ ಕಲಿಸಲು ಕಳಿಸಿದ ಪಟ್ಟಣದ ಹುಡುಗಿ, ಇಪ್ಪತ್ತೆರಡು ವರ್ಷ. ಊರೆಲ್ಲ ದೂರ ಇಟ್ಟವನ ಮಾತಿಗೆ ಕಿವಿಗೊಟ್ಟವಳು ಅವಳೊಬ್ಬಳೇ. ಮೀನು ಎಷ್ಟಿದೆ ಎಂದು ತೋರಿಸಿದರೆ ಸರ್ಕಾರ ಕೆರೆಯನ್ನು ಊರಿನ ಹೆಸರಿಗೇ ಬಿಡುತ್ತದೆ, ಮೀನು ಬಾಚಿ ತುಂಬಿಕೊಂಡು ಹೋಗುವ ಪೇಟೆಯ ಮಂಜುಗಡ್ಡೆ ದೋಣಿಗಳನ್ನು ಹೊರಗಿಡುತ್ತದೆ ಎಂದು ಅವಳು ಎಲ್ಲಿಂದಲೋ ತಿಳಿದುಕೊಂಡು ಬಂದಳು. ಎಣಿಸುವುದು ಹೇಗೆ ಎಂಬುದು ಮಾತ್ರ ಅವಳಿಗೆ ಗೊತ್ತಿರಲಿಲ್ಲ. ತಿಬುರ್ಸಿಯೊಗೆ ಗೊತ್ತಿತ್ತು. ಇಪ್ಪತ್ತು ನಿಮಿಷದೊಳಗೆ ಪ್ರತಿ ಮೀನೂ ಒಮ್ಮೆ ಉಸಿರಾಡಲು ಬರುತ್ತದೆ. ನಿನ್ನ ಪಾಲಿನ ನೀರಿನ ಮುಂದೆ ಇಪ್ಪತ್ತು ನಿಮಿಷ ನಿಲ್ಲು, ಎಣಿಸು, ಹೊರಟು ಹೋಗು. ಇನ್ನೂ ನಿಂತರೆ ಎಣಿಸಿದ ಮೀನನ್ನೇ ಮತ್ತೆ ಎಣಿಸುತ್ತೀಯ.

ಅವಳ ಜೊತೆಗೆ ನನಗೂ ಕಲಿಸಿದ. ಕಲಿಸಿದ ಎನ್ನುವುದಕ್ಕಿಂತ ಉಗಿದ ಎನ್ನಬೇಕು.

"ಎಷ್ಟು?" ಎಂದ ಮೊದಲ ದಿನ.

"ಮೂವತ್ತೊಂದು, ಮಾವ," ಎಂದಳು ಜುರೆಮಾ.

"ಹದಿಮೂರು. ಮಿಕ್ಕಿದ್ದೆಲ್ಲ ನಿನ್ನ ಆಸೆ. ಕಣ್ಣಲ್ಲಿ ಎಣಿಸು ಅಂದ್ರೆ ಹೊಟ್ಟೇಲಿ ಎಣಿಸ್ತೀಯಲ್ಲೇ! ನೀನು, ಜೆನಿಲ್ದಾ?"

"ಹದಿನೈದು."

"ನೀನೂ ಎರಡು ಕದ್ದೆ. ಗಂಡನ ಬುದ್ಧಿ ಹೆಂಡ್ತಿಗೂ ಅಂಟ್ಕೊಂಡಿದೆ."

ಎರಡು ಬೇಸಗೆ ಹೀಗೇ ಬೈಸಿಕೊಂಡೆವು. ಜುರೆಮಾ ಅತ್ತಳು, ಕಲಿತಳು, ಕೆರೆಯನ್ನು ಊರಿಗೆ ಬರೆಸಿಕೊಟ್ಟಳು. ಎಣಿಸಿದ ದೊಡ್ಡ ಮೀನುಗಳಲ್ಲಿ ನೂರಕ್ಕೆ ಮೂವತ್ತನ್ನು ವರ್ಷಕ್ಕೊಮ್ಮೆ ಹಿಡಿಯಲು ನಮಗೆ ಪರವಾನಗಿ ಸಿಕ್ಕಿತು. ಕೆರೆ ತುಂಬಿತು. ವರ್ಷಗಳು ಕಳೆದವು, ಅವಳು ಶಾಸಕಿಯಾದಳು. ಮುತುಂ ಇಡೀ ಬ್ರೆಜಿಲ್‌ಗೇ ಮಾದರಿಯಂತೆ. ಒಂದು ದಿನ ರೇಡಿಯೊದಲ್ಲಿ ಅವಳನ್ನು ನಿಮ್ಮ ಗುರುಗಳು ಯಾರು ಎಂದು ಕೇಳಿದರು. ಬಿಷಪ್ಪರ ಹೆಸರು ಹೇಳಿದಳು, ಪ್ರೊಫೆಸರ್ ಒಬ್ಬರ ಹೆಸರು ಹೇಳಿದಳು, ನಾರ್ವೆಯಿಂದ ಬಂದಿದ್ದ ಒಬ್ಬ ಹೆಂಗಸಿನ ಹೆಸರನ್ನೂ ಹೇಳಿದಳು. ತಿಬುರ್ಸಿಯೊ ನಮ್ಮ ಅಡುಗೆಮನೆಯಲ್ಲೇ ಕೂತು ಮರಗೆಣಸಿನ ಹಿಟ್ಟಿಗೆ ಸಾರು ಕಲಸುತ್ತಿದ್ದ.

"ಕೇಳಿಸ್ತಾ ಮಾವ? ನಿಮ್ಮ ಹೆಸರು ಬರ್ಲೇ ಇಲ್ಲ," ಎಂದೆ. ನನಗೆ ಖುಷಿಯಾಗಿತ್ತು, ಸುಳ್ಳು ಯಾಕೆ ಹೇಳಲಿ.

"ಉಪ್ಪು ಕಮ್ಮಿ," ಎಂದು ತಟ್ಟೆ ಮುಂದೆ ತಳ್ಳಿದ.

ಹೋದ ವರ್ಷದ ಹಿಂದಿನ ವರ್ಷ ನದಿ ಬತ್ತಿತು. ಕೆರೆಯ ನೀರು ಬಿಸಿಯಾಗಿ ಮೀನುಗಳು ಹೊಟ್ಟೆ ಮೇಲಾಗಿ ತೇಲಿದವು. ತಿಂದು ಮುಗಿಸಲು ಹದ್ದುಗಳೇ ಸಾಲದಾದವು. ಮುಂದಿನ ಬೇಸಗೆಯ ಎಣಿಕೆಗೆ ಎರಡು ದಿನ ಇರುವಾಗ ಜುರೆಮಾ ಬಂದಿಳಿದಳು. ಚುನಾವಣೆ ಹತ್ತಿರ ಬಂದಿತ್ತು. ಮುತುಂನ ಲೆಕ್ಕ ಬಿದ್ದರೆ ತಾನು ಸೋಲುತ್ತೇನೆ, ಆಗ ಎದುರು ಪಕ್ಷದವರು ಎಲ್ಲ ಕೆರೆಗಳನ್ನೂ ಮಂಜುಗಡ್ಡೆ ದೋಣಿಗಳಿಗೆ ಬಿಡುತ್ತಾರೆ ಎಂದು ಚರ್ಚಿನ ಚಪ್ಪರದಲ್ಲಿ ಹೇಳಿದಳು. ಬೇರೇನೂ ಹೇಳಲಿಲ್ಲ. ನಮಗೆ ಅಷ್ಟು ಸಾಕಿತ್ತು.

ಎಣಿಕೆಗೆ ಹತ್ತು ಜನ ಇಳಿದೆವು. ನಾನು ನನ್ನ ನೀರಿನ ಮುಂದೆ ಇಪ್ಪತ್ತು ನಿಮಿಷ ನಿಂತೆ. ಏಳು ಬಂತು. ಹೋದ ಸಲ ಇದೇ ಜಾಗದಲ್ಲಿ ಮೂವತ್ತು ಬಂದಿತ್ತು. ನಾನು ಹೊರಡಲಿಲ್ಲ. ಒಂದು ಗಂಟೆ ನಿಂತೆ. ಪಕ್ಕದ ದೋಣಿಯವನೂ ನನ್ನ ಮುಖ ನೋಡಿದ, ಅವನೂ ನಿಂತ.

ಒಟ್ಟು ನಾನ್ನೂರ ಹನ್ನೆರಡು. ಎಣಿಕೆಯ ಹಿರಿಯ ತಿಬುರ್ಸಿಯೊ. ಅವನು ಒಪ್ಪಿ ಹೆಬ್ಬೆಟ್ಟು ಒತ್ತಿದರೆ ಮಾತ್ರ ಅದು ಲೆಕ್ಕ. ಅವನು ಹಾಳೆಯನ್ನು ಮುಟ್ಟಲೇ ಇಲ್ಲ.

"ನೂರ ಅರವತ್ತರ ಮೇಲೆ ಒಂದೂ ಇಲ್ಲ. ದಡದಲ್ಲಿ ಕೂತು ಕೇಳಿದೀನಿ. ಜೆನಿಲ್ದಾ, ಎಷ್ಟು ಹೊತ್ತು ನಿಂತೆ?"

"ಇಪ್ಪತ್ತು ನಿಮಿಷ," ಎಂದೆ.

"ಥೂ, ನಿನ್ನ ನಾಲಿಗೆ ಬಿದ್ದೋಗ!"

ಚಪ್ಪರದಲ್ಲಿ ಗದ್ದಲವೆದ್ದಿತು. ಒರಿವಾಲ್ದೊ ಎದ್ದು ನಿಂತು, "ಮುದುಕಂಗೆ ಕಿವಿ ಹೋಗಿದೆ. ಎಲ್ರ ಹೊಟ್ಟೆ ಮೇಲೆ ಹೊಡೆಯೋದೇ ಇವನ ಜನ್ಮದ ಕೆಲ್ಸ," ಎಂದು ಕೂಗಿದ.

ಜುರೆಮಾ ಹಾಳೆಯನ್ನು ಅವನ ಮುಂದೆ ಇಟ್ಟಳು. "ಮಾವ, ಈ ಒಂದು ವರ್ಷ. ಕೆರೆ ಉಳೀಬೇಕಲ್ವಾ? ನಾನು ಸೋತ್ರೆ ಯಾರು ಕಾಯ್ತಾರೆ?"

"ನೂರು ಚಿಲ್ರೆ ಮೀನು ಹೊಡೆದ್ ಮೇಲೆ ಏನನ್ನ ಕಾಯ್ತೀಯ, ನೀರನ್ನ? ಮಂಜುಗಡ್ಡೆ ದೋಣಿಯೋನು ಮಾಡೋದನ್ನೇ ನೀನು ಹಾಳೆ ಮೇಲೆ ಮಾಡ್ತಿದೀಯ."

ಅವಳ ಮುಖ ಕಪ್ಪಿಟ್ಟಿತು. ಆಮೇಲೆ ವಯಸ್ಸಾದವರಿಗೆ ವಿಶ್ರಾಂತಿ ಬೇಕು ಎಂದು ನಗುತ್ತಾ ಸಭೆಗೆ ಹೇಳಿ, ಇನ್ನು ಮೇಲೆ ಎಣಿಕೆಯ ಹಿರಿಯಳು ಜೆನಿಲ್ದಾ ಎಂದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಒರಿವಾಲ್ದೊ ನನ್ನನ್ನು ಮುಂದಕ್ಕೆ ತಳ್ಳಿದ. ನಾನು ಸಹಿ ಹಾಕಿದೆ. ನನಗೆ ಅಕ್ಷರ ಕಲಿಸಿದವಳೂ ಅವಳೇ.

ತಿಬುರ್ಸಿಯೊ ಎದ್ದುಹೋದ. ಆ ವಾರ ನೂರ ಇಪ್ಪತ್ಮೂರು ಮೀನು ಹೊಡೆದೆವು. ನಮ್ಮ ಮನೆಗೆ ತಗಡಿನ ಚಾವಣಿ ಬಂತು. ಜುರೆಮಾ ಗೆದ್ದಳು. ಮಳೆಗಾಲದಲ್ಲಿ ಜ್ವರ ಬಂದು ಮುದುಕ ಸತ್ತ. ಹೆಣ ಹೊರಲು ನಾಲ್ಕು ಜನ ಸೇರಿಸಲೂ ಕಷ್ಟವಾಯಿತು. ಶಾಸಕಿಯ ಹೂವಿನ ಹಾರ ಮೂರು ದಿನ ತಡವಾಗಿ ಬಂತು.

ಈ ಬೇಸಗೆ ಹಿರಿಯಳಾಗಿ ದೋಣಿ ಇಳಿಸಿದೆ. ಇಪ್ಪತ್ತು ನಿಮಿಷ. ಎರಡು ಮೀನು ಬಂದವು, ಮೂರನೆಯದು ಬರಲಿಲ್ಲ. ಹತ್ತು ದೋಣಿಗಳಿಗೆ ಸೇರಿ ಮೂವತ್ನಾಲ್ಕು. ಈ ಸಲ ಮತ್ತೂ ನಿಂತವರನ್ನು ನಾನೇ ದೋಣಿ ಗುದ್ದಿ ಹೊರಡಿಸಿದೆ. ಸಂಜೆ ಜುರೆಮಾ ಫೋನ್ ಮಾಡಿದಳು.

"ಅಕ್ಕಾ, ಎಷ್ಟಾಯ್ತು?"

"ಮೂವತ್ನಾಲ್ಕು."

"ಸರಿಯಾಗಿ ನೋಡಿದ್ರಾ? ಇನ್ನೊಂದ್ಸಲ ಎಣಿಸಿ. ಮುನ್ನೂರಾದ್ರೂ ಇಲ್ದಿದ್ರೆ ಹೆಂಗೆ?"

"ಬೇಕಾದಷ್ಟು ಎಣಿಸೋಕೆ ನಿನ್ಗೂ ಬರುತ್ತಲ್ಲಮ್ಮ, ಬಂದು ಎಣಿಸ್ಕೋ. ನನ್ನ ಸಹಿ ಮೂವತ್ನಾಲ್ಕಕ್ಕೆ. ಈ ವರ್ಷ ಬೇಟೆ ಇಲ್ಲ, ಬರೋ ವರ್ಷಾನೂ ಇಲ್ಲ."

ಅವಳು ಫೋನಿಟ್ಟಳು. ನಾನು ಹಾಳೆಯಲ್ಲಿ ಮೂವತ್ನಾಲ್ಕು ಎಂದು ಅಂಕೆಯಲ್ಲೂ ಅಕ್ಷರದಲ್ಲೂ ಬರೆದೆ. ಒರಿವಾಲ್ದೊ ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದ. ತನ್ನ ತೂಗುಹಾಸಿಗೆಯನ್ನು ಗೂಟದಿಂದ ಬಿಚ್ಚಿಕೊಂಡು ಅಣ್ಣನ ಮನೆಗೆ ಹೋದ. ಇವತ್ತಿಗೆ ನಲವತ್ತು ದಿನ, ನಮ್ಮ ಏಣಿಯನ್ನು ಯಾರೂ ಹತ್ತಿಲ್ಲ.