ಕೆಂಪು ಧೂಳು, ಬಿಳಿ ತೌಡು ಮತ್ತು ನಮ್ಮ ಬಚ್ಚಲ ಕಲ್ಲು

ನಮ್ಮದು ಕಲ್ಲಿನ ಸೀಮೆ. ಹೊಸಪೇಟೆಯಿಂದ ಯಾವ ದಿಕ್ಕಿಗೆ ಹೊರಟರೂ ಮೊದಲು ಎದುರಾಗುವುದು ಬಂಡೆ, ಆಮೇಲೆ ಮನುಷ್ಯ. ಹಂಪಿಯ ಕಲ್ಲು ನೋಡಲಿಕ್ಕೆ ಜನ ವಿಮಾನ ಹತ್ತಿ ಬರುತ್ತಾರೆ. ಇಂಥ ಸೀಮೆಯಲ್ಲಿ ಹುಟ್ಟಿ ಬೆಳೆದ ನಾನು, ಬಚ್ಚಲುಮನೆಯ ವಾಷ್ ಬೇಸಿನ್ನಿನ ಅಡಿಗೆ ಹಾಸಲು ಎರಡು ಮೊಳ ಕಲ್ಲಿಗಾಗಿ ಒಂದು ಇಡೀ ಬೇಸಿಗೆ ಒದ್ದಾಡಿದೆ ಎಂದರೆ ಯಾರೂ ನಂಬುವುದಿಲ್ಲ. ನಂಬಿಸುವ ಸಲುವಾಗಿಯೇ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಹಳೆಯ ಬೇಸಿನ್ನು ಗೋಡೆಗೆ ಜೋತುಬಿದ್ದುಕೊಂಡಿತ್ತು. ಒಂದು ಬೆಳಿಗ್ಗೆ ಅದು ಗೋಡೆಯ ಸಹವಾಸ ಸಾಕೆಂದು ಕೆಳಗಿಳಿಯಿತು. ನೋಡಲು ಬಂದ ಗಾರೆಯವರು, ಈಗ ಯಾರೂ ಗೋಡೆಗೆ ನೇತುಹಾಕುವುದಿಲ್ಲ, ಕಲ್ಲಿನ ಕಟ್ಟೆ ಮಾಡಿ ಅದರ ಮೇಲೆ ಬೇಸಿನ್ನು ಕೂಡಿಸುತ್ತಾರೆ, ಕೆಳಗೆ ಕಪಾಟು ಬರುತ್ತದೆ ಎಂದರು. ನನ್ನ ಹೆಂಡತಿಯ ಮುಖ ಅರಳಿತು. ಮನೆಯಲ್ಲಿ ಮುಖ ಅರಳುವುದು ಅಪರೂಪವಾದ್ದರಿಂದ ನಾನು ಉದಾರನಾಗಿ, "ಕಲ್ಲು ನಿನ್ನ ಇಷ್ಟ" ಎಂದುಬಿಟ್ಟೆ.

ಆ ಮಾತಿಗೆ ಎಷ್ಟು ತೂಕವಿತ್ತೆಂಬುದನ್ನು ಆಕೆಯೇ ಬೆರಳು ಮಡಚಿ ವಿವರಿಸಿದಳು.

"ನೆಲದ ಕಲ್ಲು ನಿಮ್ಮಪ್ಪ ಆರಿಸಿದ್ದು. ಅಡಿಗಿ ಕಟ್ಟಿ ಕಲ್ಲು ನಿಮ್ಮ ದೊಡ್ಡಕ್ಕ. ಬಾಗಲಾ ನಿಮ್ಮ ಸಣ್ಣಕ್ಕ. ಗ್ವಾಡಿ ಬಣ್ಣ, ಪೇಂಟರ್ ಹತ್ರ ಯಾವುದು ಉಳದಿತ್ತೋ ಅದು. ಈ ಮನ್ಯಾಗ ನಾ ಆರಿಸಿದ್ದು ಅಂದ್ರ ಕಸಬರಿಗಿ ಒಂದ."

"ನನ್ನನ್ನ?" ಎಂದೆ.

"ನಿಮ್ಮನ್ನೂ ನಮ್ಮಪ್ಪ."

ಆಮೇಲೆ ಆಕೆ, "ಇದೊಂದು ಕಲ್ಲು ನಂದಾಗ್ಲಿ. ಯಾರ ಮಾತೂ ಕೇಳಬ್ಯಾಡ್ರಿ" ಎಂದಳು. ಕೇಳುವುದಿಲ್ಲ ಎಂದು ನಾನು ಗಂಭೀರವಾಗಿ ಮಾತು ಕೊಟ್ಟೆ.

ಮಾತು ಕೊಟ್ಟ ಸಂಜೆಯೇ ಫೋನು ಬಂತು. ಇಲ್ಲಿ ನನ್ನ ಇಬ್ಬರು ಭಾವಂದಿರ ಬಗ್ಗೆ ನಾಲ್ಕು ಮಾತು ಹೇಳಲೇಬೇಕು. ದೊಡ್ಡಕ್ಕನನ್ನು ಕೊಟ್ಟಿರುವುದು ಕಂಪ್ಲಿಗೆ. ಆ ಭಾವನದು ಅಕ್ಕಿ ಗಿರಣಿ. ಸಣ್ಣಕ್ಕನನ್ನು ಕೊಟ್ಟಿರುವುದು ಸಂಡೂರಿಗೆ. ಆ ಭಾವ ಗಣಿಯಲ್ಲಿ ನಿಂತು ಲಾರಿಗಳಿಗೆ ಅದಿರು ತುಂಬಿಸುತ್ತಾರೆ. ಇಬ್ಬರೂ ಯಾವುದಾದರೊಂದು ಕೆಲಸ ಹಚ್ಚಿಕೊಂಡು ಹೊಸಪೇಟೆಗೆ ಬರುತ್ತಲೇ ಇರುತ್ತಾರೆ. ಸಂಪ್ರದಾಯಸ್ಥರು, ಕೈಕಾಲು ಮುಖ ತೊಳೆಯದೆ ನಡುಮನೆಯಲ್ಲಿ ಕೂಡುವವರಲ್ಲ. ಸಂಡೂರಿನವರು ಮೈತುಂಬ ಅದಿರಿನ ಧೂಳು ಹೊತ್ತು ಕೆಂಪಗೆ ಬಚ್ಚಲಿಗೆ ಹೋಗುತ್ತಾರೆ. ಕಂಪ್ಲಿಯವರು ಮೈತುಂಬ ತೌಡು ಹೊತ್ತು ಬೆಳ್ಳಗೆ ಹೋಗುತ್ತಾರೆ. ಹೊರಬರುವಾಗ ಇಬ್ಬರೂ ಅವರವರ ಸ್ವಂತ ಬಣ್ಣದಲ್ಲಿರುತ್ತಾರೆ. ಬಿಟ್ಟುಬಂದ ಬಣ್ಣ ಬೇಸಿನ್ನಿನ ಸುತ್ತ ಇರುತ್ತದೆ.

ಮೊದಲ ಫೋನು ದೊಡ್ಡಕ್ಕನದು.

"ತಮ್ಮಾ, ಕರೀ ಕಲ್ಲು ಮಾತ್ರ ಹಾಕಸಬ್ಯಾಡಪ. ನಿಮ್ಮ ಭಾವಾರು ಕೈ ತೊಳದ್ರ ತೌಡೆಲ್ಲಾ ಎದ್ದು ಕಾಣತೈತಿ. ನಿನ್ನ ಹೆಂಡತಿ ಬಾಯಿಲೆ ಏನೂ ಅನ್ನಂಗಿಲ್ಲ, ಕಣ್ಣಿಲೆ ಅಂತಾಳ."

"ಆತಕ್ಕಾ."

ಫೋನು ಕೆಳಗಿಡುವುದರೊಳಗೆ ಸಣ್ಣಕ್ಕ.

"ಲೇ, ಬಿಳೀ ಕಲ್ಲು ಹಾಕಸ್ತಿ ಅಂತ ಸುದ್ದಿ ಐತಿ? ನಮ್ಮನಿಯವ್ರು ನಿಮ್ಮನಿಗೆ ಬರೋದು ಬ್ಯಾಡ ಅಂದ್ರ ನೆಟ್ಟಗ ಬಾಯಿಬಿಟ್ಟು ಹೇಳು. ಕಲ್ಲಿನ ಕೈಲೆ ಯಾಕ ಹೇಳಸ್ತಿ?"

"ಆತಕ್ಕಾ."

ಸರ್ಕಾರಿ ಕಚೇರಿಯಲ್ಲಿ ಆಯುಷ್ಯ ಸವೆಸಿದವನಿಗೆ ಒಂದೇ ಕಡತದಲ್ಲಿ ಎರಡು ವಿರುದ್ಧ ಟಿಪ್ಪಣಿಗಳಿಗೆ ಸಹಿ ಹಾಕುವುದು ದೊಡ್ಡ ವಿಷಯವಲ್ಲ. ಆದರೆ ಕಚೇರಿಯಲ್ಲಿ ವರ್ಗಾವಣೆ ಎಂಬ ಸೌಲಭ್ಯ ಇರುತ್ತದೆ. ಅಕ್ಕಂದಿರ ವಿಷಯದಲ್ಲಿ ಅದಿಲ್ಲ.

ಕಲ್ಲಿನ ಅಂಗಡಿ ಪಾಪಿನಾಯಕನಹಳ್ಳಿ ಕಡೆ ಹೋಗುವ ರಸ್ತೆಯಲ್ಲಿತ್ತು. ಆಳೆತ್ತರದ ಹಲಗೆಗಳು ಗ್ರಂಥಾಲಯದ ಪುಸ್ತಕಗಳ ಹಾಗೆ ಒಂದಕ್ಕೊಂದು ಒರಗಿ ನಿಂತಿದ್ದವು. ಪುಟ ತಿರುವಬೇಕಾದರೆ ಕ್ರೇನು ಬೇಕು. ಅಂಗಡಿಯ ಯಜಮಾನರು ಬಾಟಲಿಯಿಂದ ನೀರು ಚಿಮುಕಿಸಿ, ಅಂಗೈಯಿಂದ ಉಜ್ಜಿ, ಹೊಳಪು ತೋರಿಸುತ್ತ ಮುಂದೆ ನಡೆದರು.

"ಒದ್ದಿ ಆದ್ರ ಎಲ್ಲಾ ಕಲ್ಲೂ ಚಂದ ಕಾಣತಾವ್ರಿ" ಎಂದಳು ನನ್ನ ಹೆಂಡತಿ. "ಒಣಗಿದ ಮ್ಯಾಲೆ ತೋರಸ್ರಿ."

ಯಜಮಾನರು ಬಾಟಲಿಯನ್ನು ಹಿಂದಕ್ಕೆ ಬಚ್ಚಿಟ್ಟುಕೊಂಡರು. ಗಿರಾಕಿ ಯಾರು, ಗಿರಾಕಿಯ ಜೊತೆಗೆ ಬಂದವನು ಯಾರು ಎಂಬುದು ಅವರಿಗೆ ಅಲ್ಲಿಗೆ ಸ್ಪಷ್ಟವಾಯಿತು. ಬಿಳಿ ಮಾರ್ಬಲ್ಲನ್ನು ಅವರೇ ಬೇಡವೆಂದರು. ನಿಂಬೆಹಣ್ಣಿನ ರಸ ಬಿದ್ದರೆ ಮಂಕಾಗುತ್ತದೆ, ಕೆಂಪು ಧೂಳು ಒಳಗಿಳಿದರೆ ಜಪ್ಪಯ್ಯ ಅಂದರೂ ಹೊರಗೆ ಬರುವುದಿಲ್ಲ. ಅದರ ಬದಲು ಕ್ವಾರ್ಟ್ಜ್ ಎಂಬುದರ ಮುಂದೆ ನಮ್ಮನ್ನು ನಿಲ್ಲಿಸಿದರು. ಹಾಲಿನ ಕೆನೆಯಂಥ ಬಿಳುಪು.

"ಕಲ್ಲು ಪುಡಿ ಮಾಡಿ, ಅಂಟು ಕಲಸಿ, ಒತ್ತಿ ಒತ್ತಿ ಮತ್ತ ಕಲ್ಲು ಮಾಡ್ತಾರ್ರಿ. ಏನೂ ಕುಡಿಯಂಗಿಲ್ಲ. ಒರಸಿದ್ರ ಹೋಗಿಬಿಡತೈತಿ."

"ಮೊದಲೂ ಕಲ್ಲ ಇತ್ತಲ್ರೀ?" ಎಂದೆ.

"ಇತ್ರಿ."

"ಮತ್ಯಾಕ ಪುಡಿ ಮಾಡಿದ್ರು?"

"ಅದು ದೇವರು ಮಾಡಿದ್ದು ಸರ್. ಅದಕ್ಕ ಗ್ಯಾರಂಟಿ ಇರಂಗಿಲ್ಲ. ಇದು ಕಂಪನಿ ಮಾಡಿದ್ದು."

ನನ್ನ ಹೆಂಡತಿ ಅದರ ಮೇಲೆ ಮಗುವಿನ ತಲೆ ಸವರುವ ಹಾಗೆ ಕೈಯಾಡಿಸಿ, "ಇದ" ಎಂದಳು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ನನ್ನ ಎಡಗಿವಿಯಲ್ಲಿ ಸಂಡೂರು ಗುಂಯ್‌ಗುಟ್ಟುತ್ತಿತ್ತು. ಗಂಟಲು ಸರಿಮಾಡಿಕೊಂಡು, ಪಕ್ಕದ ಕರೀ ಗ್ರಾನೈಟಿನತ್ತ ಕೈ ತೋರಿಸಿ, ಶಿಲೆಯೆಂದರೆ ಅದಕ್ಕೊಂದು ಘನತೆ ಇರಬೇಕೆಂದೂ, ವಿಜಯನಗರದ ಅರಸರು ಹೊಳಪಿಗೆ ಮರುಳಾಗಿದ್ದರೆ ಇಂದು ಹಂಪಿಯನ್ನು ನೋಡಲು ಯಾರೂ ಬರುತ್ತಿರಲಿಲ್ಲವೆಂದೂ ಸಾಕಷ್ಟು ವಿಸ್ತಾರವಾಗಿ ಹೇಳಿದೆ.

"ಅರಸರ ಮನ್ಯಾಗ ಬಚ್ಚಲಾ ಒರಸಾಕ ಆಳಿದ್ರು" ಎಂದಳು ಆಕೆ.

ತೀರ್ಮಾನ ಸಾಧ್ಯವಿಲ್ಲದ ಕಡೆ ಮುಂದೂಡುವುದು ನನಗೆ ಗೊತ್ತಿರುವ ಏಕೈಕ ವಿದ್ಯೆ. ಮಾದರಿ ತುಂಡುಗಳನ್ನು ಕೊಡಿ, ಮನೆಯಲ್ಲಿ ಪರೀಕ್ಷಿಸಿ ಹೇಳುತ್ತೇವೆ ಎಂದೆ. ಯಜಮಾನರು ಬಿಳೀದೊಂದು, ಕರೀದೊಂದು ಕೊಟ್ಟು, ನನ್ನ ಮುಖದ ಮೇಲಿನ ಸಂಕಟ ನೋಡಿ ಮೂರನೆಯದನ್ನೂ ಸೇರಿಸಿದರು. ಕಂದು, ಬೂದು, ಇಟ್ಟಿಗೆಬಣ್ಣ, ಎಲ್ಲವೂ ಕಲಸಿಹೋದ ಗ್ರಾನೈಟು. ಅಂಗಡಿಯವರ ಬಾಯಲ್ಲಿ ಅದರ ಹೆಸರು ಕಿಚಡಿ. ದಾರಿಯುದ್ದಕ್ಕೂ ಆಟೋದಲ್ಲಿ ಹೆಂಡತಿ ಒಂದೇ ಮಾತಾಡಿದಳು: "ನೀವು ಮಾತು ಕೊಟ್ಟಿದ್ರಿ."

ಭಾವಂದಿರಿಬ್ಬರನ್ನೂ ಊಟಕ್ಕೆ ಕರೆದೆ. ಕೆಲಸದಿಂದ ಹೇಗಿದ್ದೀರೋ ಹಾಗೇ ಬನ್ನಿ, ದಾರಿಯಲ್ಲಿ ಎಲ್ಲೂ ಮುಖ ತೊಳೆಯಬೇಡಿ ಎಂದು ವಿಶೇಷವಾಗಿ ವಿನಂತಿಸಿದೆ. ಇಂಥ ಆಮಂತ್ರಣ ಅವರಿಗೆ ಜೀವನದಲ್ಲಿ ಮೊದಲ ಸಲ ಬಂದಿದ್ದರಿಂದ ಇಬ್ಬರೂ ತಪ್ಪದೆ ಬಂದರು. ಹಿತ್ತಲಲ್ಲಿ ಸೊಂಟದೆತ್ತರದ ಬೆಂಚು ಹಾಕಿ, ಮೂರು ಕಲ್ಲು ಸಾಲಾಗಿಟ್ಟು, ಬಕೆಟ್ಟು, ತಂಬಿಗೆ, ಸೋಪು ಸಿದ್ಧಪಡಿಸಿದ್ದೆ.

ಸಂಡೂರು ಭಾವ ಹಿತ್ತಲಿಗೆ ಕಾಲಿಟ್ಟ ಕೂಡಲೇ ಕಂಪ್ಲಿ ಭಾವ ಕೈ ಮುಗಿದರು. "ಬರ್ರಿ, ಬರ್ರಿ. ದರೋಜಿ ಕರಡಿಗೆ ಯಾರೋ ಕುಂಕುಮ ಸುರುವ್ಯಾರ ಅಂದ್ಕೊಂಡ್ನಿ."

"ನೀವೇನು ಕಡಿಮಿ ಇದ್ದೀರಿ? ಎಣ್ಣ್ಯಾಗ ಬಿಡಾಕ ಹಿಟ್ಟು ಹಚ್ಚಿಟ್ಟ ಮೆಣಸಿನಕಾಯಿ ಇದ್ದಂಗ ಇದ್ದೀರಿ."

ಪರೀಕ್ಷೆ ಶುರುವಾಯಿತು. ಆದರೆ ಪರೀಕ್ಷೆ ಎಂದೊಡನೆ ಮನುಷ್ಯ ತನ್ನ ನಿಜಸ್ವಭಾವ ತೋರಿಸುವುದಿಲ್ಲ. ತಂಬಿಗೆ ನೀರನ್ನು ಮುಖಕ್ಕೆ ಎರಚಿಕೊಳ್ಳುವ ಸಂಡೂರು ಭಾವ ಅಂದು ಮದುಮಗಳ ಹಾಗೆ ಬೆರಳ ತುದಿ ಅದ್ದಿ ಕೆನ್ನೆ ಒರೆಸಿಕೊಂಡರು. ಕಲ್ಲಿನ ಮೇಲೆ ಒಂದು ಹನಿ ಇಲ್ಲ.

"ಭಾವಾರ, ಹಂಗಲ್ಲ. ದಿನಾ ತೊಳೀತೀರಲ್ಲ, ಹಂಗ ತೊಳೀರಿ" ಎಂದೆ.

"ದಿನಾ ಹಿಂಗ ತೊಳೀತೀನಿ."

ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದ ನನ್ನ ಹೆಂಡತಿ ಕೆಮ್ಮಿದಳು. ಭಾವ ಸೋತು, ತಂಬಿಗೆ ಎತ್ತಿ, ಬುರ್ರೆಂದು ಸದ್ದು ಮಾಡಿ ನಿಜರೂಪ ತೋರಿಸಿದರು. ಬಿಳಿ ಕಲ್ಲಿನ ಮೇಲೆ ಸಂಡೂರಿನ ಗುಡ್ಡವೇ ಕರಗಿ ಹರಿಯಿತು. ಕರೀ ಕಲ್ಲಿನ ಮೇಲೆ ಕಣ್ಣಿಗೆ ಬೀಳುವಂಥದ್ದೇನೂ ಇಲ್ಲ. ಆಮೇಲೆ ಕಂಪ್ಲಿ ಭಾವನ ಸರದಿ. ಬಿಳೀದರ ಮೇಲೆ ಅವರು ನಿರಪರಾಧಿ. ಆದರೆ ಕರೀದಕ್ಕೆ ತೌಡು ಗಂಜಿಯಾಗಿ ಮೆತ್ತಿತು. ಸಾಲದ್ದಕ್ಕೆ, ಬಗ್ಗಿದಾಗ ಅವರ ಹೊಟ್ಟೆ ಆ ಕಲ್ಲಿಗೆ ಒತ್ತಿ, ಅದರ ಅಂಚಿನಲ್ಲಿ ಅಚ್ಚುಕಟ್ಟಾದ ಬಿಳಿಯ ಅರ್ಧಚಂದ್ರ ಮೂಡಿತು. ಅದನ್ನು ನೋಡಿ ಸಂಡೂರು ಭಾವ ಬಕೆಟ್ಟು ಹಿಡಿದುಕೊಂಡು ನಕ್ಕರು.

ಕಿಚಡಿ ಕಲ್ಲಿನ ಮೇಲೆ ಇಬ್ಬರೂ ತೊಳೆದರು. ಮೂವರೂ ಬಗ್ಗಿ ನೋಡಿದೆವು. ಕೆಂಪೂ ಇಲ್ಲ, ಬಿಳಿಯೂ ಇಲ್ಲ.

"ಮಸ್ತ್! ಇದರ ಮ್ಯಾಲೆ ಎಮ್ಮಿ ಮೈ ತೊಳದ್ರೂ ಕಾಣಂಗಿಲ್ಲ" ಎಂದರು ಕಂಪ್ಲಿ ಭಾವ.

"ಜಲ್ದಿ ಇದನ್ನ ಹಾಕಿಸಿಬಿಡು" ಎಂದರು ಸಂಡೂರು ಭಾವ. ಅವರಿಬ್ಬರೂ ಒಂದು ವಿಷಯದಲ್ಲಿ ಒಮ್ಮತಕ್ಕೆ ಬಂದದ್ದನ್ನು ನಾನು ಅದೇ ಮೊದಲು ನೋಡಿದ್ದು. ಸಂತೋಷದಿಂದ ತೀರ್ಪು ಓದಲು ಬಾಯಿ ತೆರೆದವನು ಬಾಗಿಲ ಕಡೆ ನೋಡಿ ಮುಚ್ಚಿದೆ.

ನನ್ನ ಹೆಂಡತಿ ಸೌಟು ಬದಿಗಿಟ್ಟು ಬಂದಳು. ಕಿಚಡಿ ಕಲ್ಲಿನ ಮೇಲೆ ಒಂದು ಬೆರಳು ಎಳೆದು, ಬೆರಳನ್ನು ನಮ್ಮ ಮೂವರ ಮುಂದೆ ಸರದಿಯಂತೆ ಹಿಡಿದಳು. ಅದರ ತುದಿಗೆ ಕೆಂಪು ಬಿಳಿ ಕೂಡಿದ ಕೆಸರಿತ್ತು.

"ಕಾಣಲಿಲ್ಲ ಅಂದ್ರ ಹೋತೇನ್ರೀ? ಅಲ್ಲೇ ಐತಿ. ಏನ್ ಬಿದ್ರೂ ಕಾಣದ ಕಲ್ಲು ಹಾಕಿಸಿದ್ರ, ಬಿದ್ದಿದ್ದೆಲ್ಲಾ ಒರಸಾಕಿ ನಾನ. ಕಾಣೋ ಕಲ್ಲು ಇತ್ತಂದ್ರ, ಯಾರದು ಅಂತ ಗೊತ್ತಾಕ್ಕೈತಿ. ಯಾರದೋ ಅವರ ಒರಸ್ತಾರ. ನನಗ ಬಿಳೀದ ಬೇಕು."

ಇಂಥ ಸರಳ ತತ್ವ ಇಷ್ಟು ವರ್ಷ ಸರ್ಕಾರಕ್ಕೆ ಹೊಳೆಯಲಿಲ್ಲವಲ್ಲ ಎಂದು ನಾನು ಬೆರಗಾದೆ.

ಸಂಡೂರು ಭಾವ ಮಾತ್ರ ಕಂಗಾಲಾದರು. "ಅಲ್ಲವ್ವಾ, ಬಿಳೀದಾದ್ರ ನಾ ಒಬ್ಬನ ಸಿಗಬೀಳ್ತೀನಿ. ಈ ಗಿರಣಿ ಸಾಹುಕಾರ್ರು ಪಾರು! ಇದು ಯಾವ ನ್ಯಾಯ?"

ಆಕೆ ಕರೀ ತುಂಡಿನ ಅಂಚಿನ ಅರ್ಧಚಂದ್ರವನ್ನು ಸ್ವಲ್ಪ ಹೊತ್ತು ನೋಡಿದಳು.

"ನ್ಯಾಯ ಆಕ್ಕೈತ್ರಿ ಅಣ್ಣಾರ. ಮ್ಯಾಲೆ ಪೂರಾ ಬಿಳೀದು. ಮುಂದಿನ ಅಂಚಿಗೆ ನಾಕು ಬೆರಳು ಕರೀ ಪಟ್ಟಿ. ದೊಡ್ಡ ಅಣ್ಣಾರ ಹೊಟ್ಟಿ ಎಲ್ಲಿಗೆ ತಾಗತೈತೋ ಅಲ್ಲಿಗೆ."

ಕಂಪ್ಲಿ ಭಾವ ತಮ್ಮ ಹೊಟ್ಟೆಯನ್ನು ಮೊದಲ ಬಾರಿ ಸಾಕ್ಷಿಯ ದೃಷ್ಟಿಯಿಂದ ನೋಡಿಕೊಂಡರು. ಅಕ್ಕಂದಿರಿಗೆ ಸುದ್ದಿ ಮುಟ್ಟಿಸುವ ಧೈರ್ಯ ನನಗಾಗಲಿಲ್ಲ. ಹೆಂಡತಿಯೇ ಇಬ್ಬರಿಗೂ ಫೋನು ಮಾಡಿದಳು. ದೊಡ್ಡಕ್ಕ ಕೇಳಿದ್ದು ಒಂದೇ: "ಸಂಡೂರಿನವ್ರದೂ ಕಾಣತೈತಿಲ್ಲೋ?" ಸಣ್ಣಕ್ಕ ಕೇಳಿದ್ದೂ ಒಂದೇ: "ಕಂಪ್ಲಿಯವ್ರದು?" ಎರಡೂ ಕಡೆ ಹೌದೆಂಬ ಉತ್ತರ ಹೋದ ಮೇಲೆ ಇಬ್ಬರಿಗೂ ಬಹಳ ಸಮಾಧಾನವಾಯಿತು.

ಕಟ್ಟೆ ಸಿದ್ಧವಾಯಿತು. ಗಾರೆಯವರು ಹೋದ ಮೇಲೆ ನನ್ನ ಹೆಂಡತಿ ಒಳಗೆ ಒಬ್ಬಳೇ ನಿಂತು ನೋಡುತ್ತಿದ್ದಳು. ಅಡ್ಡ ಹೋಗಬಾರದು ಅನ್ನಿಸಿ ನಾನು ಹೊರಗೇ ಇದ್ದೆ.

ಮುಂದಿನ ಸಲ ಭಾವಂದಿರು ಒಟ್ಟಿಗೇ ಬಂದರು. ಸಂಡೂರಿನವರು ಮುಖ ತೊಳೆದು, ಮೂಲೆಯ ಬಟ್ಟೆ ತಗೊಂಡು, ಕಟ್ಟೆಯನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಯವರೆಗೆ ಒರೆಸಿ, ಕತ್ತು ಓರೆಮಾಡಿ ಬೆಳಕಿಗೆ ನೋಡಿ ಹೊರಬಂದರು. ಕಂಪ್ಲಿಯವರು ಉಸಿರು ಹಿಡಿದು ಹೊಟ್ಟೆ ಒಳಗೆಳೆದುಕೊಂಡೇ ಕೈ ತೊಳೆದರು. ಆದರೂ ಮಂಡಿಯೂರಿ ಅಂಚು ಒರೆಸಬೇಕಾಯಿತು. ಕೊನೆಗೆ ನಾನೂ ತೊಳೆದುಕೊಂಡು ಬಂದು ಊಟಕ್ಕೆ ಕುಳಿತೆ. ರೊಟ್ಟಿ ಮುರಿಯುವಷ್ಟರಲ್ಲಿ ಬಚ್ಚಲಿನಿಂದ ಕರೆ ಬಂತು.

"ರೀ, ಬರ್ರಿ ಇಲ್ಲಿ."

ಬಿಳಿ ಕಲ್ಲಿನ ಮೇಲೆ ಅಂಗೈಯಗಲ ನೀರು ನಿಂತಿತ್ತು.

"ಇದು ಯಾರದು?"

ನಾನು ಬಗ್ಗಿ, ಕೂಲಂಕಷವಾಗಿ ಪರಿಶೀಲಿಸಿದೆ. "ಬರೇ ನೀರು. ಬಣ್ಣ ಇಲ್ಲ. ಯಾರದು ಅಂತ ಹೇಳಾಕ ಸಾಕ್ಷ್ಯ ಸಾಲದು."

"ಕೆಂಪಗಿದ್ರ ಸಂಡೂರು, ಬೆಳ್ಳಗಿದ್ರ ಕಂಪ್ಲಿ" ಎಂದು ಆಕೆ ಬಟ್ಟೆಯನ್ನು ನನ್ನ ಕೈಗಿಟ್ಟಳು. "ಬಣ್ಣ ಇಲ್ಲದ್ದು ಹೊಸಪೇಟೆ."

ನಡುಮನೆಯಲ್ಲಿ ಇಬ್ಬರು ಭಾವಂದಿರು ಊಟ ನಿಲ್ಲಿಸಿ ಕಿವಿ ಕೊಟ್ಟಿದ್ದರೆಂದು ಕಾಣುತ್ತದೆ.

"ಅಂಚೂ ಒರಸು!" ಎಂದು ಕೂಗಿದರು ಕಂಪ್ಲಿಯವರು.