ತಳವಿಲ್ಲದ ಪಟ್ಟಿ

ಆಫೀಸಿನಲ್ಲಿ ಅವಳನ್ನು ಎಲ್ಲರೂ ಪಟ್ಟಿ ಅಕ್ಕ ಅನ್ನುತ್ತಿದ್ದರು. ಮೊಬೈಲ್ ಆಟಗಳನ್ನು ತಯಾರಿಸುವ ಸಣ್ಣ ಕಂಪನಿ ಅದು. ಅಲ್ಲಿ ಒಬ್ಬ ಕತ್ತಿ ಗುರಾಣಿ ಬಿಡಿಸುತ್ತಿದ್ದ, ಒಬ್ಬಳು ರಾಕ್ಷಸರಿಗೆ ನಡಿಗೆ ಕಲಿಸುತ್ತಿದ್ದಳು, ಇನ್ನೊಬ್ಬ ದಿನವಿಡೀ ಬೆಂಕಿ, ಹೊಗೆ, ಸಿಡಿಲು ಅಂತ ಹೊಡೆದಾಡುತ್ತಿದ್ದ. ಇವಳ ಪಾಲಿಗೆ ಬಂದದ್ದು ಪಟ್ಟಿ. ಆಟಗಾರ ಗಳಿಸಿದ ಸಾಮಾನು, ಅವನ ಗೆಳೆಯರು, ಅಂಗಡಿಯಲ್ಲಿರುವ ಕತ್ತಿಗಳು, ಇವನ್ನೆಲ್ಲ ಸಾಲಾಗಿ ಜೋಡಿಸಿ, ಬೆರಳಿಟ್ಟು ತಳ್ಳಿದರೆ ಮೇಲಕ್ಕೂ ಕೆಳಕ್ಕೂ ಜಾರುವ ಹಾಗೆ ಮಾಡುವುದು ಅವಳ ಕೆಲಸ. ರಾಕ್ಷಸ ಚೆನ್ನಾಗಿ ಬಂದರೆ ಎಲ್ಲರೂ ಎದ್ದು ಬಂದು ನೋಡುತ್ತಿದ್ದರು. ಪಟ್ಟಿ ಚೆನ್ನಾಗಿ ಬಂದರೆ ಯಾರ ಗಮನಕ್ಕೂ ಬರುತ್ತಿರಲಿಲ್ಲ. ಕೆಟ್ಟರೆ ಮಾತ್ರ ಕರೆ ಬರುತ್ತಿತ್ತು.

ಅವಳು ಇದಕ್ಕೆ ಮೊದಲು ಒಂದು ಮುದ್ರಣಾಲಯದಲ್ಲಿದ್ದಳು. ರೈಲಿನ ವೇಳಾಪಟ್ಟಿ, ದೂರವಾಣಿ ಕೈಪಿಡಿಗಳ ಪುಟ ಜೋಡಿಸುತ್ತಿದ್ದಳು. ಜನ ಕೈಪಿಡಿ ಮುಟ್ಟುವುದನ್ನು ಬಿಟ್ಟರು, ಮುದ್ರಣಾಲಯ ಬಾಗಿಲು ಹಾಕಿತು. ತನಗಿಂತ ತೀರಾ ಚಿಕ್ಕವರ ಪಕ್ಕದಲ್ಲಿ ಕೂತು ಹೊಸ ವಿದ್ಯೆ ಕಲಿತು ಇಲ್ಲಿಗೆ ಬಂದಳು. ಅಲ್ಲೂ ಸಾಲು, ಇಲ್ಲೂ ಸಾಲು. ಅಲ್ಲಿನ ಸಾಲುಗಳು ಇಟ್ಟಲ್ಲೇ ಇರುತ್ತಿದ್ದವು, ಅಷ್ಟೇ ವ್ಯತ್ಯಾಸ.

ನೋಡುವವರಿಗೆ ಸುಲಭದ ಕೆಲಸ. ಪರದೆಯ ಮೇಲೆ ಒಂದು ಚೌಕ ಕಿಟಕಿ. ಅದರ ಹಿಂದೆ ಉದ್ದನೆಯ ಹಾಳೆ, ಹಾಳೆಯ ಮೇಲೆ ಸಾಲುಗಳು. ಕಿಟಕಿಯಿಂದ ಹೊರಗಿರುವುದು ಕಾಣದ ಹಾಗೆ ಒಂದು ಮುಸುಕು. ಬೆರಳು ಎಳೆದರೆ ಹಾಳೆ ಸರಿಯಬೇಕು, ಬಿಟ್ಟರೆ ಸ್ವಲ್ಪ ದೂರ ತಾನೇ ಓಡಿ ಮೆಲ್ಲಗೆ ನಿಲ್ಲಬೇಕು, ತುದಿಗೆ ಬಂದಾಗ ರಬ್ಬರಿನಂತೆ ಚೂರು ಹಿಗ್ಗಿ ಹಿಂದಕ್ಕೆ ಬರಬೇಕು. ಪಕ್ಕದಲ್ಲಿ ಇನ್ನೆಷ್ಟು ಉಳಿದಿದೆ ಎಂದು ತೋರಿಸುವ ಸಣ್ಣ ಕಡ್ಡಿ. ಆದರೆ ಒಬ್ಬೊಬ್ಬರ ಬೆರಳು ಒಂದೊಂದು ಥರ. ಎಳೆಯಲು ಹೊರಟವನ ಬೆರಳನ್ನು ಪಟ್ಟಿ ಒತ್ತಿದ್ದೆಂದು ತಿಳಿದರೆ ಬೇಡದ ಕತ್ತಿ ಗಂಟುಬೀಳುತ್ತದೆ. ವೇಗ ಹೆಚ್ಚಾದರೆ ಕಣ್ಣು ತಿರುಗುತ್ತದೆ, ಕಮ್ಮಿಯಾದರೆ ಕೆಸರಿನಲ್ಲಿ ಕಾಲೆಳೆದಂತಾಗುತ್ತದೆ. ಒಂದು ಅಂಕಿ ತಿದ್ದುವುದು, ಫೋನಿಗೆ ಹಾಕುವುದು, ಹೆಬ್ಬೆರಳಿನಿಂದ ತಳ್ಳಿ ನೋಡುವುದು, ಮತ್ತೆ ತಿದ್ದುವುದು. ಬೆಳಗಿಂದ ಸಂಜೆತನಕ ಇದೇ. ವರ್ಷಗಟ್ಟಲೆ ತಳ್ಳಿ ತಳ್ಳಿ ಹೆಬ್ಬೆರಳಿನ ಬುಡದಿಂದ ಮಣಿಕಟ್ಟಿನತನಕ ನೋವು ಮನೆ ಮಾಡಿಕೊಂಡಿತ್ತು. ಡಬ್ಬಿಯ ಮುಚ್ಚಳ ತಿರುಗಿಸಲು ಆಗುತ್ತಿರಲಿಲ್ಲ. ಬಟ್ಟೆ ಹಿಂಡಲು ಕೂತರೆ ಕಣ್ಣಲ್ಲಿ ನೀರು. ವೈದ್ಯರು ಕೈಗೆ ವಿಶ್ರಾಂತಿ ಕೊಡಿ ಅಂದಿದ್ದರು. ಅವಳು ತಲೆಯಾಡಿಸಿ ಬಂದಿದ್ದಳು.

ಮನೆಯಲ್ಲಿ ಅತ್ತೆ. ಗಂಡ ದೂರದ ಊರುಗಳಿಗೆ ಲಾರಿ ಓಡಿಸುವವನು, ಮನೆಗೆ ಬರುವುದು ನೆಂಟನ ಹಾಗೆ. ಹಾಗಾಗಿ ವರ್ಷದ ಹೆಚ್ಚು ದಿನ ಮನೆಯಲ್ಲಿ ಇವರಿಬ್ಬರೇ. ಅತ್ತೆಯದು ಚುರುಕು ನಾಲಿಗೆ. ಆಟದ ಕಂಪನಿಯಲ್ಲಿ ಕೆಲಸ ಅಂತೀಯ, ನೀನು ಒಂದು ದಿನ ಆಡಿದ್ದು ಕಾಣೆ, ನಕ್ಕಿದ್ದಂತೂ ಮೊದಲೇ ಕಾಣೆ ಎಂದು ಆಗಾಗ ಚುಚ್ಚುವರು. ಹಿಡಿದದ್ದನ್ನು ಅರ್ಧಕ್ಕೆ ಬಿಡುವ ಜಾಯಮಾನ ಅವರದಲ್ಲ. ಪತ್ರಿಕೆ ಹಿಡಿದರೆ ಕೊನೆಯ ಪುಟದ ತಳದಲ್ಲಿ ಅಚ್ಚು ಹಾಕಿದವರ ವಿಳಾಸದತನಕ ಓದಿಯೇ ಕೆಳಗಿಡುವುದು. ಔಷಧಿಯ ಡಬ್ಬಿಯಲ್ಲಿ ಮಡಚಿಟ್ಟ ತೆಳು ಕಾಗದವನ್ನೂ ಬಿಡುತ್ತಿರಲಿಲ್ಲ. ಓದಿ ಮುಗಿಸಿ, ಇದರಲ್ಲಿ ಹೇಳಿರುವ ಎಲ್ಲ ತೊಂದರೆಯೂ ನನಗಿದೆ ಅನ್ನುವರು.

ಆ ವರ್ಷ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಶಸ್ತ್ರಚಿಕಿತ್ಸೆ ಆಯಿತು. ಮಂಚದ ಪಕ್ಕಕ್ಕೆ ಕೈಯಿರುವ ಕುರ್ಚಿ ಬಂತು, ನಾಲ್ಕು ಕಾಲಿನ ಊರುಗೋಲು ಬಂತು. ದಿನಾ ಬೆಳಿಗ್ಗೆ ಸಂಜೆ ಅದನ್ನು ಹಿಡಿದು ಮನೆಯೊಳಗೆ ನಡೆಯಬೇಕು, ಇಲ್ಲದಿದ್ದರೆ ಕಾಲು ಬಿಗಿದುಹೋಗುತ್ತದೆ ಎಂದು ವ್ಯಾಯಾಮ ಹೇಳಿಕೊಡುವಾಕೆ ಕಟ್ಟಪ್ಪಣೆ ಮಾಡಿದ್ದಳು. ಹಗಲು ಪಕ್ಕದ ಮನೆಯಾಕೆ ಬಂದು ಊಟ ಬಡಿಸಿ ಮುಚ್ಚಿಟ್ಟು ಹೋಗುವಳು. ಸೊಸೆ ಬಾಗಿಲು ತೆರೆಯುವುದನ್ನೇ ಅತ್ತೆ ಕಾಯುತ್ತಿದ್ದರು. ಅವಳು ಚಪ್ಪಲಿ ಬಿಡುವ ಮೊದಲೇ ನೀರು ಕೊಡು, ದಿಂಬು ಸರಿಮಾಡು, ಕಿಟಕಿ ಹಾಕು, ಕಿಟಕಿ ತೆಗೆ ಎಂದು ಶುರು. ಇಡೀ ದಿನದ ಮಾತು ಸಂಜೆಗೆ ಕೂಡಿಟ್ಟಿರುತ್ತಿದ್ದರು. ಅವಳಿಗೋ ಮೈಯಲ್ಲಿ ಜೀವ ಇರುತ್ತಿರಲಿಲ್ಲ. ಹೂಂ ಅನ್ನುವುದಕ್ಕೂ ಶಕ್ತಿ ಸಾಲದೆ, ಅಡುಗೆಮನೆಯಲ್ಲಿ ನಲ್ಲಿ ಬಿಟ್ಟು ಆ ಸದ್ದಿನ ಹಿಂದೆ ಸ್ವಲ್ಪ ಹೊತ್ತು ನಿಲ್ಲುತ್ತಿದ್ದಳು.

ಆಫೀಸಿನಲ್ಲಿ ಹೊಸ ಆಟ ತಯಾರಾಗುತ್ತಿತ್ತು. ಮ್ಯಾನೇಜರ್ ಅವಳನ್ನು ಕರೆದು, ಈ ಸಲ ಅಂಗಡಿಯ ಪಟ್ಟಿಗೆ ತಳವೇ ಇರಬಾರದು ಅಂದ. ಎಷ್ಟು ತಳ್ಳಿದರೂ ಬರುತ್ತಲೇ ಇರಬೇಕು. ಇರುವ ಸಾಮಾನೇ ಬಣ್ಣ ಬದಲಿಸಿ, ಹೆಸರು ಬದಲಿಸಿ, ಸುತ್ತಿ ಸುತ್ತಿ ಬರಲಿ. ನಡುನಡುವೆ ಒಂದು ಹೊಳೆಯುವ ವಸ್ತು ಹಾಕು, ಮುಂದೆ ಇನ್ನೂ ಚೆನ್ನಾಗಿರೋದು ಇರಬಹುದು ಅನ್ನಿಸಬೇಕು. ಪಕ್ಕದ ಕಡ್ಡಿ ತೆಗೆದುಬಿಡು. ಎಷ್ಟು ಉಳಿದಿದೆ ಅಂತ ಗೊತ್ತಾದರೆ ಜನ ಎದ್ದು ಹೋಗುತ್ತಾರೆ.

ಅವಳಿಗೆ ಹಿಡಿಸಲಿಲ್ಲ. ಪಟ್ಟಿ ಅಂದಮೇಲೆ ಒಂದು ಮೊದಲು ಒಂದು ಕೊನೆ ಬೇಡವೇ ಎಂದು ಮೆಲ್ಲಗೆ ಕೇಳಿದಳು. ಅವನೇನೂ ಕೆಟ್ಟವನಲ್ಲ. ಕಣ್ಣಿನ ಕೆಳಗೆ ಅವನಿಗೂ ಕಪ್ಪು ಬಿದ್ದಿತ್ತು. ಕಳೆದ ಆಟ ಮಲಗಿತು, ಇದೂ ಮಲಗಿದರೆ ನಾವೆಲ್ಲ ಮನೆಗೆ ಹೋಗೋದೇ ಎಂದ. ಅವಳು ತನ್ನ ಜಾಗಕ್ಕೆ ಹೋಗಿ ಕೂತಳು. ಒಂದು ಬಾಗಿಲು ಮುಚ್ಚಿದ್ದನ್ನು ಕಂಡವಳು.

ಮಾಡಿದಳು. ಕಿಟಕಿ ತುಂಬುವಷ್ಟು ಸಾಲುಗಳನ್ನು ಮಾತ್ರ ಮಾಡಿಟ್ಟುಕೊಂಡು, ಮೇಲೆ ಮರೆಯಾದ ಸಾಲನ್ನು ಎತ್ತಿ ಹೊಸ ಹೆಸರು ಬರೆದು ಕೆಳಗೆ ತಂದಿಡುವ ಉಪಾಯ. ಅದೇ ಕೆಲವು ಸಾಲು ತಿರುಗಿ ತಿರುಗಿ ಬರುತ್ತಿದ್ದರೂ ನೋಡುವವರಿಗೆ ಸಾವಿರಾರು ಇದ್ದಂತೆ. ಮೊದಮೊದಲು ಹಾಳೆ ಎಗರುತ್ತಿತ್ತು, ಸಾಲುಗಳು ಒಂದರ ಮೇಲೊಂದು ಬೀಳುತ್ತಿದ್ದವು. ವಾರಗಟ್ಟಲೆ ಒದ್ದಾಡಿ ಕೊನೆಗೆ ಅದು ಎಣ್ಣೆಯಲ್ಲಿ ಅದ್ದಿದಂತೆ ಜಾರತೊಡಗಿತು. ಅವಳು ಮಾಡಿದ ಪಟ್ಟಿಗಳಲ್ಲೆಲ್ಲ ನಯವಾದದ್ದು ಅದೇ. ರಾಕ್ಷಸರಿಗೆ ನಡಿಗೆ ಕಲಿಸುವವಳು ಮೊದಲ ಬಾರಿಗೆ ಎದ್ದು ಬಂದು ನೋಡಿ, ಕೈ ಬಿಡೋಕೇ ಮನಸ್ಸಾಗಲ್ಲ ಅಕ್ಕ ಅಂದಳು. ಹೊಗಳಿಕೆ ಕೇಳಿ ಖುಷಿಯಾಗಬೇಕಿತ್ತು. ಅವಳಿಗೆ ಹೋಗಿ ಮಲಗಿದರೆ ಸಾಕಾಗಿತ್ತು.

ವಯಸ್ಸಾದವರ ಬೆರಳಿಗೂ ಹೊಂದುತ್ತದೆಯೇ ನೋಡಬೇಕಿತ್ತು. ವಯಸ್ಸಾದವರ ಚರ್ಮ ಒಣಗಿರುತ್ತದೆ, ಪರದೆ ಅವರ ಬೆರಳನ್ನು ಸರಿಯಾಗಿ ಹಿಡಿಯುವುದಿಲ್ಲ. ಆಫೀಸಿನ ಹಳೆಯ ಫೋನೊಂದರಲ್ಲಿ ಪಟ್ಟಿಯನ್ನು ಹಾಕಿಕೊಂಡು ಬಂದು ಅತ್ತೆಯ ಕೈಗಿತ್ತಳು. ಇದು ನೀನು ಮಾಡಿದ್ದಾ ಎಂದು ಅತ್ತೆ ಕನ್ನಡಕ ಹಾಕಿಕೊಂಡರು. ಕತ್ತಿ, ಕಿರೀಟ, ರೆಕ್ಕೆಯ ಕುದುರೆ. ಪರವಾಗಿಲ್ಲ, ಬೊಂಬೆ ಚೆನ್ನಾಗಿವೆ ಅಂದರು. ಬೊಂಬೆ ಬೇರೆಯವರದು, ಜಾರೋದು ನನ್ನದು ಅಂದಳು ಇವಳು.

ಒಂದು ದಿನಕ್ಕೆಂದು ಕೊಟ್ಟ ಫೋನನ್ನು ಅವಳು ವಾಪಸ್ ತೆಗೆದುಕೊಳ್ಳಲಿಲ್ಲ. ಮಾರನೆಯ ಸಂಜೆ ಬಾಗಿಲು ತೆರೆದಾಗ ಮನೆ ಸುಮ್ಮನಿತ್ತು. ಅತ್ತೆ ತಲೆಯೆತ್ತಿ ಬಂದೆಯಾ ಎಂದು ಕೇಳಿ ಮತ್ತೆ ಫೋನಿಗೆ ಬಗ್ಗಿದರು. ನೀರಿಲ್ಲ, ದಿಂಬಿಲ್ಲ, ಕಿಟಕಿಯ ತಗಾದೆ ಇಲ್ಲ. ಅವಳು ಚಹಾ ಮಾಡಿಕೊಂಡು ಅಡುಗೆಮನೆಯ ಸ್ಟೂಲಿನ ಮೇಲೆ ಕೂತು, ಬಿಸಿ ಲೋಟಕ್ಕೆ ಹೆಬ್ಬೆರಳು ಒತ್ತಿಕೊಂಡು, ಇಡೀ ಲೋಟ ಕುಡಿದಳು. ಎಷ್ಟೋ ತಿಂಗಳ ಮೇಲೆ ಸಿಕ್ಕ ಸುಖ ಅದು. ಹಾಗೇ ದಿನಗಳು ಹೋದವು. ಒಳಗೆಲ್ಲೋ ಒಂದು ಮುಳ್ಳು ಆಡುತ್ತಿತ್ತು, ಆ ಪಟ್ಟಿ ಎಂಥದ್ದೆಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರು? ಆದರೆ ದಣಿದವರಿಗೆ ಮುಳ್ಳಿನ ಮೇಲೂ ನಿದ್ದೆ ಬರುತ್ತದೆ.

ವ್ಯಾಯಾಮ ಹೇಳಿಕೊಡುವಾಕೆ ಬಂದು ಕಾಲು ಮಡಿಸಿ ನೋಡಿ ಮುಖ ಗಂಟಿಕ್ಕಿದಳು. ನಡೆಸ್ತಾ ಇಲ್ವಾ ಇವರನ್ನ ಎಂದು ಕೇಳಿದಳು. ಮೊದಲಿಗಿಂತ ಬಿಗಿದಿದೆ, ಹೀಗೇ ಬಿಟ್ಟರೆ ಕುರ್ಚಿಯೇ ಗತಿ ಎಂದಳು. ದಿನಾ ನಡೀತಿದ್ದೀನಲ್ಲ ಎಂದು ಅತ್ತೆ ಸುಳ್ಳು ಹೇಳಿದರು. ಸೊಸೆಗೆ ಅದು ಸುಳ್ಳೆಂದು ಗೊತ್ತಿತ್ತು. ಅವಳೂ ಸುಮ್ಮನಿದ್ದಳು.

ಒಂದು ಮಧ್ಯಾಹ್ನ ಆಫೀಸಿನಲ್ಲಿ ಕರೆಂಟು ಹೋಗಿ ಎಲ್ಲರನ್ನೂ ಬೇಗ ಕಳಿಸಿದರು. ಮನೆಗೆ ಬಂದರೆ ಬಿಸಿಲು ಅತ್ತೆಯ ಮಡಿಲ ಮೇಲೆ ಬಿದ್ದಿತ್ತು. ಕಿಟಕಿಯ ಪರದೆ ಎಳೆದುಕೊಳ್ಳುವ ಗೋಜಿಗೂ ಅವರು ಹೋಗಿರಲಿಲ್ಲ. ಪಕ್ಕದ ಮನೆಯಾಕೆ ಮುಚ್ಚಿಟ್ಟ ತಟ್ಟೆ ಮುಚ್ಚಿದಂತೆಯೇ ಇತ್ತು, ಬೆಳಗಿನ ಮಾತ್ರೆ ತಟ್ಟೆಯ ಪಕ್ಕದಲ್ಲಿತ್ತು. ಊರುಗೋಲಿಗೆ ಟವೆಲು ಒಣಹಾಕಿದ್ದರು. ಅತ್ತೆಯ ಬೆರಳು ಫೋನಿನ ಪರದೆಯ ಮೇಲೆ ಕೆಳಗಿನಿಂದ ಮೇಲೆ, ಕೆಳಗಿನಿಂದ ಮೇಲೆ ಹೋಗುತ್ತಿತ್ತು. ನಡುವೆ ಒಮ್ಮೆ ಕೈ ಒದರಿಕೊಂಡು ಹೆಬ್ಬೆರಳಿನ ಬುಡ ಹಿಸುಕಿಕೊಂಡರು. ಇವಳಿಗೆ ನೋಯುವುದೂ ಅಲ್ಲೇ.

"ಊಟ ಯಾಕೆ ಮಾಡಿಲ್ಲ ಅತ್ತೆ?"

"ಮಾಡ್ತೀನಿ. ಇದೊಂದು ಮುಗಿಸಿ ಮಾಡೋಣ ಅಂತ. ಇವತ್ತು ಕೊನೆ ಮುಟ್ಟಿಯೇ ಬಿಡ್ತೀನಿ."

"ಯಾವುದರ ಕೊನೆ?"

"ಇದರದ್ದೇ. ದಿನಾ ಇಲ್ಲೇ ಎಲ್ಲೋ ಬಂದಾಗ ಕತ್ತಲಾಗುತ್ತೆ. ಮಾರನೇ ದಿನ ಮತ್ತೆ ಮೊದಲಿಂದ."

ಅವಳು ಚೀಲವನ್ನು ನೆಲಕ್ಕಿಟ್ಟು ಮಂಚದ ಅಂಚಿನಲ್ಲಿ ಕೂತಳು. ಸುಳ್ಳು ಹೇಳಬಹುದಿತ್ತು, ಫೋನ್ ಕೆಟ್ಟಿದೆ ಎಂದು ತೆಗೆದುಕೊಂಡು ಹೋಗಬಹುದಿತ್ತು.

"ಅದಕ್ಕೆ ಕೊನೆ ಇಲ್ಲ ಅತ್ತೆ."

"ಇಲ್ಲದೆ ಏನು? ಇಡೋದು ಮರೆತೆಯಾ?"

"ಮರೆತಿಲ್ಲ. ಇರಬಾರದು ಅಂತಲೇ ಮಾಡಿದ್ದು. ಅವೇ ತಿರುಗಿ ತಿರುಗಿ ಬರ್ತವೆ."

ಅತ್ತೆಯ ಬೆರಳು ನಿಂತಿತು. ರೆಕ್ಕೆಯ ಕುದುರೆಯೊಂದು ಕಿಟಕಿಯ ಅರ್ಧಕ್ಕೆ ಬಂದು ನಿಂತುಕೊಂಡಿತು. ಅವರು ಕನ್ನಡಕ ತೆಗೆದು, ಸೆರಗಿನಲ್ಲಿ ಒರೆಸಿ, ಹಾಕಿಕೊಳ್ಳದೆ ಕೈಯಲ್ಲೇ ಹಿಡಿದುಕೊಂಡರು.

"ಗೊತ್ತಿದ್ದೂ ನನಗೆ ಕೊಟ್ಟೆ," ಅಂದರು. ಅದರಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ಚೆನ್ನಾಗಿರುತ್ತಿತ್ತು.

ಆಫೀಸಿನ ಫೋನನ್ನು ಹಿಂದಕ್ಕೆ ಕೊಟ್ಟು, ಆ ಮೇಲೆ ಅತ್ತೆ ಅವಳ ಜೊತೆ ಮಾತು ಬಿಟ್ಟರು. ಬೇಕಾದ್ದನ್ನು ಪಕ್ಕದ ಮನೆಯಾಕೆಗೆ ಹೇಳುವರು, ಇಲ್ಲವೇ ತಮ್ಮ ಫೋನಿನಲ್ಲಿ ಮಗನಿಗೆ. ಮಗ ಎಲ್ಲೋ ದಾರಿಬದಿಯಲ್ಲಿ ಲಾರಿ ನಿಲ್ಲಿಸಿ ಹೆಂಡತಿಗೆ ಕರೆ ಮಾಡಿ, ಅಮ್ಮನಿಗೆ ಬಿಸಿನೀರು ಬೇಕಂತೆ ಎನ್ನುವನು. ಅವನಿಗೆ ನಗು ಬರುತ್ತಿತ್ತು. ಇವಳು ಬಿಸಿನೀರು ತಂದಿಡುತ್ತಿದ್ದಳು. ಸಂಜೆ ಊರುಗೋಲನ್ನು ಕುರ್ಚಿಯ ಮುಂದಿಟ್ಟು ನಿಲ್ಲುವಳು. ಅತ್ತೆ ಅವಳ ಕಡೆ ನೋಡದೆ ಎದ್ದು, ಹಲ್ಲು ಕಚ್ಚಿಕೊಂಡು ನಡೆಯುವರು. ಇವಳು ಹಿಂದೆ ಕೈ ಚಾಚಿಕೊಂಡು, ಮುಟ್ಟದೆ, ಅವರ ಹೆಜ್ಜೆಗೆ ಹೆಜ್ಜೆ ಹಾಕುವಳು. ಚಹಾ ಕುಡಿದ ಸಂಜೆಗಳ ಮೌನಕ್ಕಿಂತ ಈ ಮೌನ ಭಾರವಾಗಿತ್ತು.

ಆಫೀಸಿನಲ್ಲಿ ಅವಳು ಮ್ಯಾನೇಜರನ ಮೇಜಿನ ಮುಂದೆ ಹೋಗಿ ನಿಂತಳು. ಸಾಮಾನೆಲ್ಲ ಒಂದು ಸುತ್ತು ಬಂದಮೇಲೆ ಪಟ್ಟಿ ನಿಲ್ಲಲಿ, ಇಷ್ಟೇ ಇರೋದು ಎಂದು ಒಂದು ಸಾಲು ಇರಲಿ ಅಂದಳು. ಆ ಸಾಲನ್ನು ಮಾಡಿಕೊಂಡೇ ಬಂದಿದ್ದಳು, ತೋರಿಸಿದಳು. ಅವನು ಅದನ್ನು ತಳ್ಳಿ, ತುದಿಯಲ್ಲಿ ಹಿಗ್ಗಿ ಹಿಂದಕ್ಕೆ ಬಂದದ್ದನ್ನು ನೋಡಿ, ಚೆನ್ನಾಗಿದೆ ಅಂದ. ಆದರೆ ಬೇಡ ಅಂದ. ಆಡಿ ನೋಡಿದವರು ಎಷ್ಟು ಹೊತ್ತು ಬಿಡದೆ ಕೂತಿದ್ದರು ಎಂಬುದನ್ನು ತೋರಿಸಿಯೇ ಮೇಲಿನವರನ್ನು ಒಪ್ಪಿಸಿದ್ದನಂತೆ.

"ಹಾಗಾದರೆ ನನ್ನನ್ನ ಬೇರೆ ಕೆಲಸಕ್ಕೆ ಹಾಕಿ," ಅಂದಳು.

"ಬೇರೆ ಅಂದರೆ ಸೆಟ್ಟಿಂಗ್ಸ್ ಪುಟಗಳೇ ಇರೋದು ಅಕ್ಕ. ಸದ್ದು ಜಾಸ್ತಿ, ಸದ್ದು ಕಮ್ಮಿ. ಯಾರೂ ತೆಗೆದು ನೋಡಲ್ಲ."

"ಪರವಾಗಿಲ್ಲ. ಕೈ ನೋವು."

ಕೈ ನೋವು ಸುಳ್ಳಲ್ಲ. ಹಾಗಾಗಿ ಇಬ್ಬರಿಗೂ ಆ ಮಾತು ಅನುಕೂಲವಾಯಿತು. ತಳವಿಲ್ಲದ ಪಟ್ಟಿಯನ್ನು ಬೆಂಕಿ ಹೊಗೆಯವನು ವಹಿಸಿಕೊಂಡ. ಆಟ ಬಿಡುಗಡೆಯಾಯಿತು, ಏಳಲಿಲ್ಲ, ಮಲಗಲೂ ಇಲ್ಲ, ಕಂಪನಿ ಉಸಿರಾಡಿಕೊಂಡಿತು. ಬಸ್ಸಿನಲ್ಲಿ ಒಮ್ಮೆ ಮುಂದಿನ ಸೀಟಿನ ಹೆಂಗಸು ಅದೇ ಅಂಗಡಿ ತೆರೆದು ತಳ್ಳುತ್ತಾ ಕೂತಿದ್ದಳು. ತನ್ನ ನಿಲ್ದಾಣ ದಾಟಿಹೋದದ್ದು ತಿಳಿದು ಗಡಿಬಿಡಿಯಲ್ಲಿ ಇಳಿದಳು. ಪಟ್ಟಿ ಅಕ್ಕ ಕಿಟಕಿಯ ಹೊರಗೆ ನೋಡಿದಳು. ತಾನು ಬಿಟ್ಟು ಬಂದರೇನು, ಅದು ಜಾರುತ್ತಲೇ ಇದೆ.

ಅವಳು ಕೊನೆಗೆ ಕೈಗೆ ಪಟ್ಟಿ ಕಟ್ಟಿಕೊಳ್ಳಲೇಬೇಕಾಯಿತು. ಹೆಬ್ಬೆರಳನ್ನು ಸೇರಿಸಿ ಗಟ್ಟಿ ಬಟ್ಟೆಯ ಕಟ್ಟು, ಅದರ ಜೊತೆಗೆ ವ್ಯಾಯಾಮ. ಅತ್ತೆಯ ಕಾಲು ನೋಡುವಾಕೆಯೇ ಅದನ್ನೂ ಹೇಳಿಕೊಡುವವಳು. ಇಬ್ಬರನ್ನೂ ಒಂದೇ ದಿನ ಕ್ಲಿನಿಕ್ಕಿಗೆ ಬರಹೇಳಿದಳು. ಬಿಳಿ ಗೋಡೆಯ ಕೋಣೆಯ ಹೊರಗೆ ಪ್ಲಾಸ್ಟಿಕ್ ಕುರ್ಚಿಗಳ ಸಾಲಿನಲ್ಲಿ ಅತ್ತೆ ಸೊಸೆ ಪಕ್ಕಪಕ್ಕ ಕೂತಿದ್ದರು. ಒಳಗೆ ಯಾರೋ ನರಳುತ್ತಿದ್ದರು. ಬಹಳ ಹೊತ್ತು ಕೂತು ಬೇಸತ್ತು ಅತ್ತೆ ಅವಳ ಕೈಯನ್ನು ಎತ್ತಿ ತಮ್ಮ ಮಡಿಲಲ್ಲಿಟ್ಟುಕೊಂಡು ಕಟ್ಟಿನ ಗಂಟು ನೋಡಿದರು.

"ಯಾರು ಕಟ್ಟಿದ್ದು ಇದನ್ನ?"

"ನಾನೇ. ಎಡಗೈಲಿ."

"ಕಾಣ್ತಾ ಇದೆ," ಎಂದು ಅತ್ತೆ ಗಂಟು ಬಿಚ್ಚಿ, ಬಟ್ಟೆ ಎಳೆದು, ಮತ್ತೆ ಸುತ್ತತೊಡಗಿದರು. ಬಿಗಿಯಾಯಿತಾ ಎಂದು ಕೇಳಿದರು. ಸ್ವಲ್ಪ ಅಂದಳು. ಸಡಿಲ ಮಾಡಿದರು. ಅವಳಿಗೆ ತಲೆಯನ್ನು ಹಿಂದಿನ ಗೋಡೆಗೆ ಒರಗಿಸಿ ಕಣ್ಣು ಮುಚ್ಚಬೇಕೆನ್ನಿಸಿತು, ಮುಚ್ಚಿದಳು. ಒಳಗಿನಿಂದ ವ್ಯಾಯಾಮದವಳು ಮುಂದಿನವರು ಬನ್ನಿ ಎಂದು ಕೂಗಿದಾಗ, ಮೊದಲು ನೀನು ಹೋಗು, ನನಗೇನು ಅವಸರ ಎಂದರು ಅತ್ತೆ. ನೀವೇ ಹೋಗಿ ಎಂದು ಅವಳು ಕಣ್ಣು ತೆರೆಯದೆಯೇ ಅಂದಳು.