ಅಂದುಕೊಂಡ ದಿನ

ಚಿತ್ರದುರ್ಗದ ನಮ್ಮ ಕುರಿಗಾರರ ಸಂಘದ ಕಚೇರಿಯಲ್ಲಿ ಬಾಗಿಲು ತೆರೆದ ಕೂಡಲೇ ನಾನು ಮಾಡುವ ಕೆಲಸಗಳು ಬಹಳ ವರ್ಷದಿಂದ ಬದಲಾಗಿಲ್ಲ. ಗೋಡೆಯ ಕ್ಯಾಲೆಂಡರಿನಿಂದ ನಿನ್ನೆಯ ಹಾಳೆ ಹರಿಯುತ್ತೇನೆ. ಹಿಂದೆ ಬಿದ್ದಿರುವ ಗಡಿಯಾರದ ಮುಳ್ಳನ್ನು ಮುಂದಕ್ಕೆ ತಳ್ಳುತ್ತೇನೆ. ಆಮೇಲೆ ದಿನಚರಿ ತೆಗೆದು ತಾರೀಖು, ವಾರ, ತಿಥಿ, ಯಾವ ಮಳೆ ನಡೆಯುತ್ತಿದೆ, ಇಷ್ಟನ್ನು ಬರೆಯುತ್ತೇನೆ. ಬರೆಯಿರಿ ಎಂದು ಯಾರೂ ಹೇಳಿದ್ದಲ್ಲ, ಅಂಟಿಕೊಂಡ ಅಭ್ಯಾಸ. ಜೋಗಿಮಟ್ಟಿ ಗುಡ್ಡದ ಕಡೆಯ ಗಾಳಿ ಜೋರಿದ್ದರೆ ಅದೂ ದಿನಚರಿಗೆ ಹೋಗುತ್ತದೆ.

ಇದರ ಜೊತೆಗೆ ಇನ್ನೊಂದು ಕೆಲಸವನ್ನು ಹಳೆಯ ಕಂಪ್ಯೂಟರು ಕೊಟ್ಟಿತ್ತು. ಅದರೊಳಗಿನ ಗುಂಡನೆಯ ಸಣ್ಣ ಸೆಲ್ಲು ಸತ್ತುಹೋಗಿತ್ತು. ಕರೆಂಟು ಹೋಗಿ ಬಂದರೆ ಸಾಕು, ಅದು ತಾನು ಹುಟ್ಟಿದ ವರ್ಷದ ಜನವರಿ ಒಂದಕ್ಕೆ ಹೋಗಿ ಕುಳಿತುಬಿಡುತ್ತಿತ್ತು. ಪರದೆಯ ಮೂಲೆಯಲ್ಲಿ ತಪ್ಪು ತಾರೀಖು ಕಂಡರೆ ಸರಿ ಮಾಡದೆ ಮುಂದೆ ಹೋಗಲು ನನಗೆ ಆಗುವುದಿಲ್ಲ. ಒಲೆಯ ಮೇಲೆ ಹಾಲು ಉಕ್ಕುವುದನ್ನು ಕಂಡು ಸುಮ್ಮನಿರಲು ಆಗುತ್ತದೆಯೇ, ಹಾಗೆ. ಕೈ ತಾನಾಗಿ ಹೋಗುತ್ತಿತ್ತು.

ಆ ವರ್ಷ ಸಂಘಕ್ಕೆ ಒಂದು ಪ್ರೋಗ್ರಾಮು ಬೇಕು ಎಂದು ತೀರ್ಮಾನವಾಯಿತು. ಅದಕ್ಕೆ ಕಾರಣ ತುರುವನೂರು ಕಡೆಯ ಒಬ್ಬ ಅಜ್ಜ. ಕುರಿಮರಿಗಳಿಗೆ ಕರುಳುಬೇನೆಯ ಲಸಿಕೆಯನ್ನು ಎರಡು ಸಲ ಹಾಕಿಸಬೇಕು. ಒಂದು ಹಾಕಿಸಿ, ಹದಿನೈದು ದಿನಕ್ಕೆ ಇನ್ನೊಂದು. ಹಿಂದಿನ ವರ್ಷ ಅಜ್ಜ ಮೊದಲನೆಯದನ್ನು ನಮ್ಮಲ್ಲಿ ಹಾಕಿಸಿ, ಕುರಿ ಹೊಡೆದುಕೊಂಡು ಹಿರಿಯೂರಿನ ಹೊಲಗಳಲ್ಲಿ ಗೊಬ್ಬರಕ್ಕೆ ಮಂದೆ ನಿಲ್ಲಿಸಲು ಹೋದವರು ಎರಡನೆಯದನ್ನು ಬಿಟ್ಟುಬಿಟ್ಟರು, ಮರೆತರಂತೆ. ಹನ್ನೊಂದು ಮರಿ ಸತ್ತವು. ಎರಡನೇ ಲಸಿಕೆಯ ದಿನ ಮೊಬೈಲಿಗೆ ತಾನಾಗಿ ಮೆಸೇಜು ಬರುವ ಹಾಗೆ ಮಾಡಿ ಎಂದು ಸಭೆಯಲ್ಲಿ ಎದ್ದು ನಿಂತು ಕೇಳಿದವರು ಅವರೇ.

ಪ್ರೋಗ್ರಾಮು ಬರೆಯಲು ಹೊಳಲ್ಕೆರೆಯಿಂದ ಒಬ್ಬ ಹೆಣ್ಣುಮಗಳು ಬುಧವಾರ ಬುಧವಾರ ಬಸ್ಸಿಗೆ ಬರುತ್ತಿದ್ದಳು. ಅಲ್ಲಿ ಕಂಪ್ಯೂಟರ್ ಸೆಂಟರ್ ನಡೆಸುವವಳು, ಮಾತು ಕಡಿಮೆ. ಹದಿನೈದು ದಿನದ ಮೆಸೇಜು ಬರುತ್ತದೋ ಇಲ್ಲವೋ ನೋಡಲು ಹದಿನೈದು ದಿನ ಕಾಯುತ್ತ ಕೂರಲಾಗುವುದಿಲ್ಲ. ಅದಕ್ಕೆ ಅವಳು ಒಂದು ಸುಳ್ಳು ಕುರಿಮರಿಯನ್ನು ದಾಖಲು ಮಾಡಿ, ಕಂಪ್ಯೂಟರಿನ ತಾರೀಖನ್ನು ಹದಿನೈದು ದಿನ ಮುಂದಕ್ಕೆ, ಸಮಯವನ್ನು ಬೆಳಗಿನ ಹತ್ತಕ್ಕೆ ಐದು ನಿಮಿಷ ಇರುವಂತೆ ಇಟ್ಟು, ಟೀ ಕುಡಿದು ಬರಲು ಹೋದಳು. ಹತ್ತಕ್ಕೆ ಮೆಸೇಜು ಬರಬೇಕು. ಬರಲಿಲ್ಲ. ತಿರುಗಿ ಬಂದು ನೋಡಿದರೆ ತಾರೀಖು ಮೊದಲಿನ ಜಾಗದಲ್ಲೇ ಇತ್ತು.

ಅವಳು ಸೆಲ್ಲಿನ ಮೇಲೆ ಅನುಮಾನಪಟ್ಟು ಮುಂದಿನ ವಾರ ಹೊಸದು ತಂದು ಹಾಕಿದಳು. ಇಂಟರ್‌ನೆಟ್ಟಿನಿಂದ ತಾರೀಖು ತಾನಾಗಿ ಸರಿಯಾಗುವುದನ್ನೂ ನಿಲ್ಲಿಸಿದಳು. ಮತ್ತೆ ಮುಂದಿಟ್ಟಳು, ಟೀಗೆ ಹೋಗಿ ಬಂದಳು. ಮತ್ತೆ ಹಾಗೇ. ಈಗ ಅವಳಿಗೆ ತನ್ನ ಪ್ರೋಗ್ರಾಮಿನ ಮೇಲೆಯೇ ನಂಬಿಕೆ ಹೋಯಿತು. ಬರೆದದ್ದರಲ್ಲಿ ಅರ್ಧದಷ್ಟನ್ನು ಅಳಿಸಿ ಹೊಸದಾಗಿ ಬರೆದಳಂತೆ.

ಅಜ್ಜ ಈ ನಡುವೆ ಎರಡು ಸಲ ಬಂದು ಬೆಂಚಿನ ಮೇಲೆ ಕಂಬಳಿ ಮಡಚಿಟ್ಟುಕೊಂಡು ಕೂತು ಹೋಗಿದ್ದರು. ಊರ ಸುತ್ತ ಮೇವು ಮುಗಿದಿತ್ತು. ಹುಣ್ಣಿಮೆಗೆ ಮೊದಲನೇ ಲಸಿಕೆ ಹಾಕಿಸಿ ಮಾರನೇ ದಿನವೇ ಹಿರಿಯೂರಿಗೆ ಹೊರಡಬೇಕು. ಮೆಸೇಜು ಬರುವುದು ಖಾತ್ರಿಯಿದ್ದರೆ ಮಾತ್ರ ಹೊರಡುವುದು, ಇಲ್ಲದಿದ್ದರೆ ಮೇವಿಲ್ಲದಿದ್ದರೂ ಎರಡನೇ ಲಸಿಕೆಯವರೆಗೆ ಇಲ್ಲೇ ಇರುವುದು ಎಂದು ಅವರ ಲೆಕ್ಕ. ಇನ್ನೂ ಆಗಿಲ್ಲ ಎಂದು ನಾನು ಹೇಳಿದಾಗ ಅವರು ಕಂಪ್ಯೂಟರಿನ ಕಡೆ ಕೈ ತೋರಿಸಿದರು.

“ನಮ್ಮ ಕುರಿ ಕ್ಯಾಲೆಂಡ್ರು ನೋಡ್ದಲೆ ಐದು ತಿಂಗ್ಳಿಗೆ ಸರಿಯಾಗಿ ಈಯ್ತವೆ. ನಿಮ್ಮ ಪೆಟ್ಟಿಗೆಗೆ ಇವತ್ತು ಯಾವ ದಿನ ಅಂತ ಹೇಳ್ಕೊಡಾಕೆ ಇಬ್ರು ಹೆಣ್ಮಕ್ಳು ಬೇಕೇನವ್ವಾ?”

ಮೂರನೇ ಬುಧವಾರ ಅವಳು ಟೀಗೆ ಹೋಗಲಿಲ್ಲ. ತಾರೀಖು ಮುಂದಿಟ್ಟು, ನಾನು ತಂದಿದ್ದ ಮಂಡಕ್ಕಿ ತಿನ್ನುತ್ತ ಪಕ್ಕದ ಕುರ್ಚಿಯಲ್ಲೇ ಕೂತಳು. ನಾನು ಯಾವುದೋ ಫೈಲು ತೆಗೆದುಕೊಳ್ಳಲು ಆ ಕಡೆ ಹೋದವಳು ಪರದೆಯ ಮೂಲೆ ನೋಡಿದೆ, ಬಗ್ಗಿ ತಾರೀಖು ಸರಿ ಮಾಡಿದೆ, ಫೈಲು ಎತ್ತಿಕೊಂಡೆ.

“ಅಕ್ಕ, ಈಗೇನು ಮಾಡಿದ್ರಿ?”

“ತಾರೀಖು ಮುಂದಕ್ಕೆ ಹೋಗಿತ್ತು ಕಣಮ್ಮ. ಸರಿ ಮಾಡ್ದೆ.”

“ಹೋದ ವಾರ?”

“ಹೋದ ವಾರನೂ ಹೋಗಿತ್ತು.”

ಅವಳು ಮಂಡಕ್ಕಿಯ ತಟ್ಟೆಯನ್ನು ಮೇಜಿನ ಮೇಲಿಟ್ಟಳು. ಬೈಯಲಿಲ್ಲ. ಹಾಳಾದ ಎರಡು ವಾರಗಳನ್ನು ನೆನೆದಿರಬೇಕು, ಕೈ ಒರೆಸಿಕೊಂಡಳು. ಆಮೇಲೆ ತಪ್ಪು ನಿಮ್ಮದಲ್ಲ, ಎಲ್ಲರೂ ನೋಡುವ ಗಡಿಯಾರವನ್ನು ತಿರುವಿದ್ದು ನನ್ನ ತಪ್ಪು ಎಂದಳು. ಆ ಹೊತ್ತಿನಲ್ಲಿ ನಿಜವಾದ ಕುರಿ ಬಂದು ದಾಖಲಾಗಿದ್ದರೆ ಅದಕ್ಕೂ ಸುಳ್ಳು ತಾರೀಖೇ ಬೀಳುತ್ತಿತ್ತು.

ಮುಂದಿನ ಬುಧವಾರ ಪ್ರೋಗ್ರಾಮಿನ ಒಳಗೆ ಒಂದು ಪುಟ್ಟ ಖಾನೆ ಬಂದಿತ್ತು. ಅದರ ಮೇಲೆ ‘ಅಂದುಕೊಂಡ ದಿನ’ ಎಂದು ಬರೆದಿದ್ದಳು. ಇನ್ನು ಮುಂದೆ ಪ್ರೋಗ್ರಾಮು ಇವತ್ತು ಯಾವ ದಿನ, ಗಂಟೆ ಎಷ್ಟು ಎಂದು ಆ ಖಾನೆಯನ್ನು ಕೇಳುತ್ತದೆ. ಅದು ಖಾಲಿ ಇದ್ದರೆ ಮಾತ್ರ ಕಂಪ್ಯೂಟರಿನ ಗಡಿಯಾರ ನೋಡುತ್ತದೆ. ಮೂಲೆಯ ತಾರೀಖನ್ನು ಯಾರೂ ಮುಟ್ಟಬೇಕಾಗಿಲ್ಲ. ಖಾನೆಯಲ್ಲಿ ದಿನ ತುಂಬಿ ನೋಡುವ ಕೆಲಸವನ್ನು ಅವಳು ನನಗೇ ಕೊಟ್ಟಳು. ನಾನು ತಿಂಗಳ ಕೊನೆ ಹಾಕಿ ನೋಡಿದೆ, ಡಿಸೆಂಬರ್ ಮೂವತ್ತೊಂದು ಹಾಕಿದೆ, ಫೆಬ್ರವರಿ ಇಪ್ಪತ್ತೊಂಬತ್ತನ್ನೂ ಬಿಡಲಿಲ್ಲ. ಎಲ್ಲಕ್ಕೂ ಮೆಸೇಜು ಬಂತು.

ಆವತ್ತು ಅಜ್ಜನೂ ಬಂದಿದ್ದರು. ಅವರ ಕಣ್ಣೆದುರಿಗೇ ಆಗಲಿ ಎಂದು ಅವರ ನಂಬರಿನಲ್ಲೇ ನೋಡಿದೆವು. ಬರುವ ಹುಣ್ಣಿಮೆಗೆ ಮೊದಲನೇ ಲಸಿಕೆ ಎಂದು ತುಂಬಿ, ಅಂದುಕೊಂಡ ದಿನವನ್ನು ಅದರ ಹದಿನೈದು ದಿನದಾಚೆಗೆ ಇಟ್ಟೆ. ಕಂಬಳಿಯ ಮಡಿಕೆಯೊಳಗೆ ಮೊಬೈಲು ಸದ್ದು ಮಾಡಿತು. ಅಜ್ಜ ಅಕ್ಷರ ಅಕ್ಷರ ಕೂಡಿಸಿ ಓದಿದರು: ಇಂದು ಎರಡನೇ ಲಸಿಕೆ. ಅವರ ಮುಖದಲ್ಲಿ ಸಂತೋಷ ಕಾಣಲಿಲ್ಲ. ಇದು ಯಾವ ದಿನದ್ದು ಎಂದು ಕೇಳಿದರು. ನಾನು ತಾರೀಖು ಹೇಳಿದೆ.

“ತಾರೀಖಲ್ಲವ್ವಾ. ಆವತ್ತು ಏನೈತೆ?”

ಕ್ಯಾಲೆಂಡರಿನ ಹಾಳೆಗಳನ್ನು ಎತ್ತಿ ಹಿಡಿದು ನೋಡಿದೆ. ಆ ದಿನದ ಹಾಳೆಯ ಮೇಲೆ ಕಪ್ಪು ಬೊಟ್ಟಿತ್ತು. ನಾನು ಬಾಯಿ ತೆಗೆಯುವ ಮೊದಲೇ ಅವರು ಅಮಾಸೆ ಎಂದರು.

“ಅಮಾಸೆ ದಿನ ಮರಿ ಮೈಗೆ ಸೂಜಿ ಚುಚ್ಚಸ್ತಾರೇನವ್ವಾ? ಹೋದ ವರ್ಸನೂ ಹಿಂಗೇ ಬಂದಿತ್ತು. ಅದು ಕಳೀಲಿ ಅಂತ ಬಿಟ್ಟೆ, ಮಂದೆ ಮುಂದಕ್ಕೋಯ್ತು, ಹಂಗೇ ಆತು.”

ಮರೆತಿದ್ದೆ ಅಂದಿದ್ರಲ್ಲ ಎಂದೆ.

“ಮರ್ತ್ರೇನಜ್ಜಾ ಅಂತ ನೀವೇ ಕೇಳಿದ್ರಿ. ಹೂಂ ಅಂದೆ.”

ಹಿಂದಿನ ವರ್ಷದ ದಿನಚರಿ ತೆಗೆದೆ. ಕುರಿಗಾರರು ಹುಣ್ಣಿಮೆಗೆ ಮನೆದೇವರಿಗೆ ಕಾಯಿ ಒಡೆಯಲು ಊರಿಗೆ ಬರುತ್ತಾರೆಂದು ನಮ್ಮ ಮೊದಲನೇ ಲಸಿಕೆಯನ್ನು ನಾವು ಯಾವಾಗಲೂ ಹುಣ್ಣಿಮೆಗೇ ಇಡುತ್ತಿದ್ದೆವು. ಎರಡನೇ ಲಸಿಕೆಯ ದಿನದ ಪುಟದಲ್ಲಿ ನನ್ನದೇ ಅಕ್ಷರವಿತ್ತು: ‘ಅಮಾವಾಸ್ಯೆ. ಯಾರೂ ಬರಲಿಲ್ಲ.’ ಊರಲ್ಲೇ ಇದ್ದವರು ಎರಡು ದಿನ ಬಿಟ್ಟು ಬಂದಿದ್ದರು. ಕೆಲವು ಪುಟಗಳಾಚೆ: ‘ತುರುವನೂರು ಕಡೆಯ ಅಜ್ಜನ ಮರಿ ಹನ್ನೊಂದು ಸತ್ತವು. ಮರೆತರಂತೆ.’ ಎರಡನ್ನೂ ಬರೆದವಳು ನಾನೇ, ಸೇರಿಸಿ ಓದಿರಲಿಲ್ಲ.

ಪಶುವೈದ್ಯರಿಗೆ ಫೋನು ಮಾಡಿ ಕೇಳಿದ್ದಕ್ಕೆ, ಎರಡು ದಿನ ತಡವಾದರೆ ಅಡ್ಡಿಯಿಲ್ಲ, ಬಿಟ್ಟುಬಿಡಬಾರದು ಅಷ್ಟೆ ಎಂದರು. ಹೊಳಲ್ಕೆರೆಯವಳು ಬಸ್ಸು ಹಿಡಿಯುವ ಮುನ್ನ ಹದಿನೈದನ್ನು ಹದಿನೇಳು ಮಾಡಿದಳು. ಅಂದುಕೊಂಡ ದಿನವನ್ನು ಇನ್ನೊಮ್ಮೆ ಇಟ್ಟು ನೋಡಿದೆವು. ಅಜ್ಜನ ಮೊಬೈಲು ಮತ್ತೆ ಸದ್ದು ಮಾಡಿತು. ಆಗಲಿ, ಹೊರಡಾಣ ಎಂದು ಅವರು ಕಂಬಳಿ ಕೊಡವಿ ಹೆಗಲಿಗೆ ಹಾಕಿಕೊಂಡರು.

ಹುಣ್ಣಿಮೆಗೆ ಲಸಿಕೆ ಹಾಕಿಸಿ ಮಾರನೇ ಬೆಳಿಗ್ಗೆ ಅವರು ಹೋದರು. ಹದಿನೇಳನೇ ದಿನ ನಾನು ಕಚೇರಿಗೆ ಸ್ವಲ್ಪ ಬೇಗ ಹೋದೆ. ಖಾನೆ ಖಾಲಿ ಇದೆಯೇ ಎಂದು ಎರಡು ಸಲ ನೋಡಿದೆ. ಹತ್ತು ಗಂಟೆ ದಾಟಿ ಸ್ವಲ್ಪ ಹೊತ್ತಿಗೆ ಅಜ್ಜನ ಫೋನು ಬಂತು. ಹಿಂದೆ ಮರಿಗಳ ಕೂಗು.

“ಮೆಸೇಜು ಬಂತವ್ವಾ. ಇದು ದಿಟದ ದಿನದ್ದೋ, ನೀವು ಅಂದ್ಕಂಡಿದ್ದೋ?”

ನಾನು ಕ್ಯಾಲೆಂಡರ್ ನೋಡಿದೆ, ಗೋಡೆಯ ಗಡಿಯಾರ ನೋಡಿದೆ, ಪರದೆಯ ಮೂಲೆಯನ್ನೂ ನೋಡಿದೆ.

“ದಿಟದ್ದೇ ಅಜ್ಜ. ಅಲ್ಲಿನ ದನದ ಆಸ್ಪತ್ರೆಗೆ ಮರಿ ಹೊಡ್ಕಂಡು ಹೋಗ್ರಿ.”

ಮಧ್ಯಾಹ್ನ ಮತ್ತೆ ಫೋನು ಮಾಡಿ, ಇಪ್ಪತ್ತೆಂಟು ಮರಿಗೂ ಹಾಕಿಸಿದೆ ಎಂದರು. ಆ ದಿನದ ಪುಟದಲ್ಲಿ ತಿಥಿಯ ಪಕ್ಕದಲ್ಲೇ ಅದನ್ನು ಬರೆದೆ.